ಭಲೇ ಎನ್ನಬೇಡಿ ಎಂದ ಪ್ರವಾಸ ಯೋಜಕರಿಗೆ

ಒಸಾಕಾ ನಗರದ 'ಬೆಳ್ಳಿ ಕೊಕ್ಕರೆ' ಪ್ರವಾಸ ಸಂಸ್ಥೆಯ ಯೋಜನಾ ವಿಭಾಗದ ಮುಖ್ಯಸ್ಥರೂ, ಕುರ್ಚಿ ಬಿಟ್ಟೇಳದೆ ಪರದೇಶದ ಸಂಗೀತವನ್ನು ಹೊತ್ತುಹೊತ್ತಿಗೆ ಪಾಲು ಮಾಡಿ ಬಡಿಸಬಲ್ಲವರೂ ಆದ ಶ್ರೀ ನಿಶಿಗಾಕಿ ಅವರ ಸನ್ನಿಧಿಗೆ,

ಮಾನ್ಯರೇ,

ಕೊರಿಯಾದ ಜಿರಿ ಬೆಟ್ಟದ ಬುಡದ ಈ ಪುಟ್ಟ ಊರಿನಿಂದ, ನಮ್ಮ ಗುರು ಯೋಮ್ ಓಕ್‌ಬುನ್ ಅಮ್ಮನವರ ಹಾಡಿಗೆ ಡೋಲು ಬಾರಿಸುತ್ತಲೇ ತಲೆ ನರೆಸಿಕೊಂಡ ಪ್ಯೋ ಗಿಲ್ಸು ಎಂಬ ನಾನು, ತಮಗೂ ತಮ್ಮ ಕಾರ್ಯಾಲಯದ ಗೋಡೆ ಗಡಿಯಾರಕ್ಕೂ ಬಾಗಿ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಈ ವಸಂತದಲ್ಲಿ ಸಂಗೀತಪ್ರಿಯ ಅತಿಥಿಗಳಿಗೆಂದು ರೂಪಿಸಿ ಕಳುಹಿಸಿದ ಪ್ರವಾಸವು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅದರಿಂದ ನಾವಿನ್ನೂ ಚೇತರಿಸಿಕೊಂಡಿಲ್ಲ.

ಒಬ್ಬರು ನಿಂತು ಹಾಡುತ್ತಾ ಕಥೆ ಹೇಳುವ, ಪಕ್ಕದಲ್ಲೊಬ್ಬ ಕೂತು ಡೋಲು ಬಾರಿಸುವ ನಮ್ಮ ಪನ್ಸೊರಿಯನ್ನು ಕಲಿಯಲು ಒಂದು ಜನ್ಮ ಸಾಲದೆಂದು ನಾವು ಮೂಢರು ನಂಬಿದ್ದೆವು. ತಾವು ಅದನ್ನು ಒಂದು ವಾರಾಂತ್ಯಕ್ಕೆ ಇಳಿಸಿ, ಬೆಳಿಗ್ಗೆ ಪಾಠ, ಮಧ್ಯಾಹ್ನ ಜಲಪಾತದ ಮುಂದೆ ಗಂಟಲ ಸಾಧನೆ, ಸಂಜೆ ಗುರುಗಳ ಹಾಡು, ನಡುನಡುವೆ ಬಟ್ಟೆ ಬದಲಿಸಲು ವಿರಾಮ ಎಂದು ವಿಂಗಡಿಸಿಕೊಟ್ಟಿರಿ. ಜಲಪಾತದ ಭೋರ್ಗರೆತವನ್ನು ಮೀರುವವರೆಗೆ ಅದರೆದುರು ನಿಂತು ಕಿರುಚಬೇಕು, ಗಂಟಲು ಒಡೆದು ಮತ್ತೆ ಕೂಡಿಕೊಳ್ಳಬೇಕು ಎಂಬುದು ನಮ್ಮ ಹಿರಿಯರ ಕ್ರಮ. ತಮ್ಮ ಅತಿಥಿಗಳು ಬಣ್ಣಬಣ್ಣದ ಮಳೆಯಂಗಿ ತೊಟ್ಟು, ಜೇನಿನ ಗುಳಿಗೆ ಚೀಪುತ್ತಾ ತಲಾ ಒಂದು ಸಾಲು ಕೂಗಿ ಪ್ರಮಾಣಪತ್ರ ಪಡೆದರು. ಮಾರ್ಗದರ್ಶಕಿಯ ಮಾತು ಕೇಳಿಸುತ್ತಿಲ್ಲವಾದ್ದರಿಂದ ಜಲಪಾತದ ಸದ್ದನ್ನು ತುಸು ತಗ್ಗಿಸಲು ಸಾಧ್ಯವೇ ಎಂದು ತಾವು ಫೋನಿನಲ್ಲಿ ವಿಚಾರಿಸಿದಿರಲ್ಲ, ಆ ಬಗ್ಗೆ ಬೆಟ್ಟಕ್ಕೆ ತಿಳಿಸಿದ್ದೇನೆ. ಉತ್ತರ ಬಂದಿಲ್ಲ.

ಇಷ್ಟರವರೆಗೆ ನಗುವ ವಿಷಯ. ನಾವೂ ನಕ್ಕೆವು, ಗುರುಗಳೂ ನಕ್ಕರು. ನನ್ನ ದೂರು ಸಂಜೆಯ ಕಾರ್ಯಕ್ರಮದ ಬಗ್ಗೆ.

ತಾವು ಅತಿಥಿಗಳಿಗೆಲ್ಲ ಮುದ್ದಾದ ಅಕ್ಷರಗಳಲ್ಲಿ ಅಚ್ಚು ಹಾಕಿಸಿ ಹಂಚಿದ್ದ ಸೂಚನೆಯನ್ನು ನಾನು ಆಮೇಲೆ ಓದಿಸಿ ಕೇಳಿದೆ: ಕಲಾವಿದರಿಗೆ ಗೌರವ ಸಲ್ಲಿಸುವ ಸಲುವಾಗಿ ಹಾಡು ಮುಗಿಯುವವರೆಗೆ ದಯವಿಟ್ಟು ಸಂಪೂರ್ಣ ಮೌನ ಪಾಲಿಸಿರಿ. ಆಹಾ, ಎಂಥ ಗೌರವ! ಮಾನ್ಯರೇ, ನಮ್ಮಲ್ಲಿ ಹಾಡಿನ ನಡುವೆ ಕೇಳುವವರು "ಒಲ್ಸಿಗೂ!" ಎಂದು ಕೂಗಬೇಕು. ತಮ್ಮಂಥ ಸಭ್ಯರಿಗೆ ತಿಳಿಯುವಂತೆ ಹೇಳುವುದಾದರೆ ಅದು ಭಲೇ ಎನ್ನುವುದು, ನಾವಿದ್ದೇವೆ ಮುಂದೆ ನಡಿ ಎನ್ನುವುದು. ಆ ಕೂಗನ್ನು ಹಿಡಿದುಕೊಂಡೇ ಹಾಡುವವರು ಗಂಟೆಗಟ್ಟಲೆ ನಿಲ್ಲುತ್ತಾರೆ. ಎಂಬತ್ತು ದಾಟಿದ ನಮ್ಮ ಗುರುಗಳಿಗಂತೂ ಅದು ಊಟಕ್ಕಿಂತ ಹೆಚ್ಚು.

ಮುಂದಿನ ಸಾಲಿನಲ್ಲಿ ಸದಾ ಕೂರುವ, ಮೊಳಕೆಕಾಳಿನ ಸಾರು ಮಾರುವ ಬೊಂಗ್‌ಸುನ್ ಅಜ್ಜಿ ಅಂದೂ ರೂಢಿಯಂತೆ ತೊಡೆ ತಟ್ಟಿ ಒಮ್ಮೆ ಕೂಗಿದಳು. ತಮ್ಮ ಮಾರ್ಗದರ್ಶಕಿ ತುಟಿಗೆ ಬೆರಳಿಟ್ಟು, ತಲೆಬಾಗಿ, ಅಷ್ಟು ನಯವಾಗಿ ಆಕೆಯನ್ನು ಹೊರಗೆ ಕರೆದೊಯ್ದು ಟೀ ಕುಡಿಸಿದರೆಂದರೆ ಆಕೆಗೆ ಬೈಯಲೂ ಬಾಯಿ ಬರಲಿಲ್ಲ. "ಐವತ್ತು ವರ್ಷದಿಂದ ಕೂಗ್ತಾ ಇದೀನಿ, ಇವತ್ತು ನಂಗೆ ಸಂಗೀತ ಕೇಳೋದು ಹೆಂಗೆ ಅಂತ ಆ ಮಗು ಹೇಳ್ಕೊಡ್ತಲ್ಲೋ!" ಎಂದು ಈಗಲೂ ಸಾರು ಬಡಿಸುವಾಗೆಲ್ಲ ಗೊಣಗುತ್ತಾಳೆ. ಉಳಿದ ಊರವರು ಅದನ್ನು ಕಂಡು ಬಾಯಿ ಮುಚ್ಚಿಕೊಂಡರು. ಕೂಗಿದವನು ನಾನೊಬ್ಬನೇ. ಡೋಲಿನವನು ಕೂಗುವುದು, ಗಂಡ ಹೆಂಡತಿಯ ಅಡುಗೆಯನ್ನು ಹೊಗಳಿದಂತೆ. ಅದನ್ನು ಯಾರು ಲೆಕ್ಕಕ್ಕಿಡುತ್ತಾರೆ?

ಗುರುಗಳು ಬೀಸಣಿಗೆ ಹಿಡಿದು ಚಾಪೆಯ ಮೇಲೆ ನಿಂತು, ಕಥೆಯಲ್ಲಿ ಮಗಳು ಮನೆ ಬಿಟ್ಟು ಹೊರಡುವ ಘಟ್ಟಕ್ಕೆ ಬಂದರು. ಅಲ್ಲಿ ಕಲ್ಲೂ ಕೂಗುತ್ತದೆ. ತಮ್ಮ ಅತಿಥಿಗಳು ಕೂಗಲಿಲ್ಲ. ಅವರು ಕೈಯನ್ನು ಮಡಿಲಲ್ಲಿಟ್ಟುಕೊಂಡು, ತಾವು ಬಯಸಿದಂತೆ, ಮೆಚ್ಚುವಂತೆ ಕೂತಿದ್ದರು. ಗುರುಗಳು ಒಂದು ಸಾಲು ಹಾಡಿ, ನಿಲ್ಲಿಸಿ ಕಾದರು, ಇನ್ನೊಂದು ಹಾಡಿ ಕಾದರು. ಆಮೇಲೆ ಬೀಸಣಿಗೆ ಮಡಚಿ, ಬಾಗಿ ನಮಸ್ಕರಿಸಿ ಒಳಗೆ ಹೋದರು. ಕಥೆ ಮುಗಿಯಿತೆಂದುಕೊಂಡು ತಮ್ಮವರು ಎದ್ದುನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿದರು.

"ನನ್ ದನಿ ಸತ್ತೋಯ್ತು ಕಣೋ ಗಿಲ್ಸು" ಎಂದರು ಒಳಗೆ. "ಹೊರಗೆ ಬರ್ತಿದೆ, ಯಾರಿಗೂ ತಾಗ್ತಿಲ್ಲ." ನಾನು ಓಡಿಹೋಗಿ ತಮ್ಮ ಸೂಚನೆಯ ಹಾಳೆಯನ್ನು ಓದಿಸಿ ಕೇಳಿ, ಅದನ್ನೇ ತಂದು ತೋರಿಸಿದೆ. ಅದಕ್ಕವರು, "ಬಾಯ್ ಮುಚ್ಕೊಂಡಿರು ಅಂತ ನೂರು ಜನ ಬರೀಲಿ. ಹಾಡು ಹಾಡಾಗಿದ್ರೆ ಬಾಯಿ ತಾನಾಗೇ ತೆರ್ಕೋಬೇಕಿತ್ತು" ಎಂದರು. ಇದಕ್ಕೆ ತಮ್ಮ ಬಳಿ ಉತ್ತರವಿದ್ದರೆ ದಯಪಾಲಿಸಿ. ಅಂದಿನಿಂದ ಅವರು ಹಾಡಿಲ್ಲ, ಶಿಷ್ಯೆಯರನ್ನು ಮನೆಗೆ ಕಳುಹಿಸಿದ್ದಾರೆ, ಬೀಸಣಿಗೆ ಚಳಿಗಾಲದ ಹೊದಿಕೆಗಳ ಅಡಿಯಲ್ಲಿದೆ. ನಾನು ಡೋಲನ್ನು ಒರೆಸಿ ಒರೆಸಿ ಇಡುತ್ತೇನೆ. ನನಗೆ ಅಳು ಬರುತ್ತದೆ, ಮಾನ್ಯರೇ.

ಆದ್ದರಿಂದ ಕೆಲವು ಸಣ್ಣ ಬೇಡಿಕೆಗಳು. ತಮ್ಮ ಅತಿಥಿಗಳು ಅಂದು ನುಂಗಿಕೊಂಡ "ಒಲ್ಸಿಗೂ"ಗಳನ್ನೆಲ್ಲ, ಒಡೆಯದಂತೆ ಹತ್ತಿಯಲ್ಲಿ ಸುತ್ತಿ, ಮೊದಲ ಹಡಗಿನಲ್ಲೇ ವಾಪಸು ಕಳುಹಿಸಿಕೊಡಬೇಕು. ಅದಾಗದಿದ್ದರೆ ತಾವೇ ಸ್ವತಃ ಬಂದು ನಮ್ಮ ಜಲಪಾತದ ಮುಂದೆ ನಿಂತು, ಸಂಪೂರ್ಣ ಮೌನ ಪಾಲಿಸುವಂತೆ ಅದರ ಮನವೊಲಿಸಬೇಕು. ಅದು ಒಪ್ಪಿದ ದಿನ ನಾನೂ ದೂರನ್ನು ಹಿಂತೆಗೆದುಕೊಳ್ಳುತ್ತೇನೆ. ಅದೂ ಆಗದಿದ್ದರೆ, ಬೊಂಗ್‌ಸುನ್ ಅಜ್ಜಿಯ ಅಂಗಡಿಯಲ್ಲಿ ಸಾರು ಕುಡಿದು, ಚೆನ್ನಾಗಿದೆಯೆಂದು ಒಮ್ಮೆಯೂ ಬಾಯಿಬಿಡದೆ ಹೊರಬಂದು ತೋರಿಸಿ.

ತಮ್ಮ ಶಿಸ್ತಿಗೆ ಬೆರಗಾಗಿ, ಕೆಲಸವಿಲ್ಲದೆ ಕುಳಿತಿರುವ,
ತಮ್ಮ ವಿಶ್ವಾಸಿ,
ಪ್ಯೋ ಗಿಲ್ಸು, ಡೋಲಿನವ

ತಾ.ಕ.: ಈ ಪತ್ರವನ್ನು ಲಕೋಟೆಗೆ ಹಾಕುವ ಮೊದಲೇ ತಮ್ಮ ಯೋಜನೆಯಲ್ಲಿಲ್ಲದ ಒಂದು ಅಶಿಸ್ತು ನಡೆದುಹೋಗಿದೆ. ಅಂದಿನ ಅತಿಥಿಗಳಲ್ಲಿ ಒಬ್ಬರಾದ ಶ್ರೀಮತಿ ಕಾತಾಗಿರಿ ಎಂಬ ಹಿರಿಯರು, ಧಾರಾವಾಹಿ ನೋಡಿ ಕಲಿತ ನಮ್ಮ ಭಾಷೆಯನ್ನು ನಂಬಿಕೊಂಡು, ತಮ್ಮ ಸಂಸ್ಥೆಯ ನೆರವಿಲ್ಲದೆ ಒಬ್ಬರೇ ಬಂದಿಳಿದಿದ್ದಾರೆ. ಆ ಸಂಜೆ ಕೂಗು ತಡೆಯಲಾರದೆ ಕರವಸ್ತ್ರ ಕಚ್ಚಿಕೊಂಡಿದ್ದರಂತೆ, ನಿದ್ದೆಯಿಲ್ಲವಂತೆ. ಅವರು ಗುರುಗಳ ಮನೆಯ ಗೋಡೆಯಾಚೆ ಬಂದು ನಿಂತಾಗ, ಅಂಗಳದಲ್ಲಿ ಚಳಿಗಾಲಕ್ಕೆ ಹಾಕಿಡುವ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿಗೆ ಖಾರ ಸವರುತ್ತಿದ್ದ ಗುರುಗಳು ತಮಗರಿವಿಲ್ಲದೆ ಒಂದು ಸಾಲು ಗುನುಗಿದರು. ಗೋಡೆಯಾಚೆಯಿಂದ ಒಂದು "ಒಲ್ಸಿಗೂ!" ಬಂತು, ಪೂರ್ತಿ ತಪ್ಪು ಜಾಗದಲ್ಲಿ. ಪಕ್ಕದಲ್ಲಿ ನಾನು ಹಿಡಿದಿದ್ದ ಎಲೆಕೋಸು ಜಾರಿ ಖಾರದ ಬೋಗುಣಿಗೆ ಬಿತ್ತು.

"ಯಾರೇ ಅದು?" ಎಂದು ಗುರುಗಳು ಖಾರದ ಕೈಯಲ್ಲೇ ಎದ್ದರು. "ಅಲ್ಲಲ್ಲ ಕಣೇ ದಡ್ಡಿ, ಅದು ನಾನು ಉಸಿರು ತಗೊಳ್ಳೋ ಜಾಗ! ಮುಂದಿಂದಕ್ಕೆ ಕೂಗು, ಕೇಳಿಸ್ಕೋ!" ಎಂದವರೇ ಮುಂದಿನ ಸಾಲನ್ನು ಹಾಡಿದರು, ಬೆಟ್ಟಕ್ಕೆ ತಾಗುವಂತೆ. ಪಾಠ ಇನ್ನೂ ನಡೆಯುತ್ತಿದೆ. ದಯವಿಟ್ಟು ಇದನ್ನು ತಮ್ಮ ಮುಂದಿನ ಪ್ರವಾಸಕ್ಕೆ ಸೇರಿಸಬೇಡಿ. ಇಲ್ಲಿನ ಗದ್ದಲದಲ್ಲಿ ತಮ್ಮ ಮಾರ್ಗದರ್ಶಕಿಯ ಮಾತು ಯಾರಿಗೂ ಕೇಳಿಸುವುದಿಲ್ಲ.