ಉಗುರು ಹಾಕಿದ ಪಾಕೆಟ್ ಬುಕ್ಕು

"ಈ ದೀಪಾವಳಿಗೆ ಅಳಿಯಂದಿರ ಉಡುಗೊರೆ ನಾನೇ ಆರಿಸ್ತೀನಿ. ಯಾರೂ ಬಾಯಿ ಹಾಕಕೂಡದು."

ಮಹದೇವಯ್ಯನವರು ಈ ಘನಘೋಷಣೆ ಮಾಡಿದ್ದು ಮುದ್ದೆಯ ತಟ್ಟೆಯ ಮುಂದೆ ಕೂತು, ಎಡಗೈ ಎತ್ತಿ. ಅವರ ಹೆಂಡತಿ ದೇವಿರಮ್ಮ ಸಾರು ಬಡಿಸುತ್ತಾ "ಆಗ್ಲಿ" ಅಂದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಈಯಮ್ಮ ಇಷ್ಟು ಬೇಗ ಯಾವುದಕ್ಕೂ ಒಪ್ಪಿದ್ದಿಲ್ಲ. ಬುದ್ಧಿ ಇದ್ದ ಗಂಡಸಾಗಿದ್ದರೆ ಅಲ್ಲಿಗೇ ಕೈ ತೊಳೆದು ಎದ್ದುಬಿಡುತ್ತಿದ್ದ.

"ಏನೇ ಹಂಗಂದ್ರೆ? ನನಗೆ ಆರಿಸೋಕೆ ಬರಲ್ಲ ಅಂತಲಾ?"

"ನಾನೆಲ್ಲಿ ಹಂಗಂದೆ? ಹೋದ ಮಳೆಗಾಲದಲ್ಲಿ ಛತ್ರಿ ಆರಿಸ್ಕೊಂಡು ಬಂದ್ರಲ್ಲ, ನೋಡಿದ್ದೀನಿ."

ಆ ಛತ್ರಿ ತೆರೆಯುತ್ತಿತ್ತು, ಮುಚ್ಚುತ್ತಿರಲಿಲ್ಲ. ಅಂಗಡಿಯಲ್ಲಿ ತೆರೆದದ್ದನ್ನು ಹಾಗೇ ಹಿಡಿದು, ಬಿಸಿಲಲ್ಲಿ, ಟಾಂಗಾದಲ್ಲಿ ಕೂತು ಚಾಮರಾಜಪುರಂನ ಮನೆಯವರೆಗೆ ಮೆರವಣಿಗೆ ಬಂದಿದ್ದರು. ಆಮೇಲೆ ಬಾಗಿಲಲ್ಲಿ ಅದನ್ನು ಒಳಗೆ ತರಲಾಗದೆ ಒಂದು ವಾರ ಜಗಲಿಯಲ್ಲೇ ಬಿಟ್ಟಿದ್ದರು. ಈಗ ಅದರಡಿ ಕೋಳಿ ಮಲಗುತ್ತದೆ.

ಹಾಗಂತ ಅವರನ್ನು ದಡ್ಡರು ಅಂದುಕೊಳ್ಳಬೇಡಿ. ಸಂತೆಪೇಟೆಯಲ್ಲಿ ಅವರದು ಬೆಲ್ಲದ ಮಂಡಿ. ಬೆಲ್ಲದ ಅಚ್ಚನ್ನು ಮೂಗಿಗೆ ಹಿಡಿದರೆ ಯಾವ ಊರಿನ ಆಲೆಮನೆ ಅಂತ ಹೇಳುವವರು, ಹೆಬ್ಬೆರಳಿನ ಉಗುರು ಊರಿ ನೋಡಿದರೆ ಸುಣ್ಣ ಜಾಸ್ತಿಯೋ ಪಾಕ ಎಳಸೋ ಎಂದು ಹೇಳುವವರು. ಆ ಉಗುರೇ ಅವರ ಆಸ್ತಿ. ಮಂಡಿಗೆ ಬಂದ ಗಿರಾಕಿಗಳೆಲ್ಲ ತಾವೂ ಪಂಡಿತರೆಂದು ಉಗುರು ಹಾಕಿ, ಮಾಲು ಕೆಡಿಸಿ, ಬೇಡ ಅಂತ ಹೋಗುತ್ತಿದ್ದರಿಂದ ಗೋಡೆಯ ಮೇಲೆ ಇದ್ದಿಲಲ್ಲಿ ಒಂದು ಕಾನೂನು ಬರೆಸಿದ್ದರು: "ಉಗುರು ಹಾಕಿದ ಅಚ್ಚು ಹಾಕಿದವರದೇ." ಹೋದ ಸಂಕ್ರಾಂತಿಗೆ ಲಷ್ಕರ್ ಮೊಹಲ್ಲಾದ ಪುಸ್ತಕದಂಗಡಿ ಗುರುಸಿದ್ದಯ್ಯನವರು ಎಳ್ಳುಬೆಲ್ಲಕ್ಕೆಂದು ಬಂದು, ಗೊತ್ತಿಲ್ಲದೆ ಒಂದು ಕರೀ ಅಚ್ಚಿಗೆ ಉಗುರು ಹಾಕಿ ಸಿಕ್ಕಿಕೊಂಡರು. ಅದು ಬೆಲ್ಲವೋ ಅರಗೋ ಎಂಬಂಥ ಮಾಲು. ಎಷ್ಟು ಗೋಗರೆದರೂ ಮಹದೇವಯ್ಯನವರು ಬಿಡಲಿಲ್ಲ. "ಕಾನೂನು ಅಂದ್ರೆ ಕಾನೂನು ಕಣ್ರೀ. ನಾಳೆ ನಾನೇ ಹಾಕಿದ್ರೂ ನಂದೇ" ಎಂದು ಕಟ್ಟಿಕೊಟ್ಟರು.

ಅಳಿಯನ ಕಥೆ ಬೇರೆ. ಅಶ್ವತ್ಥ ಮಂಡ್ಯದ ಕಡೆ ನಾಲೆ ಕೆಲಸದ ಓವರ್ಸಿಯರ್. ವೈಶಾಖದಲ್ಲಿ ಮಗಳು ನಾಗಮಣಿಯನ್ನು ಕೊಟ್ಟು ಮದುವೆ ಮಾಡಿದ್ದು. ಹುಡುಗ ಚಿನ್ನ, ಆದರೆ ಮಾತು ಮಾತ್ರ ರೇಷನ್. ಗೌರಿಹಬ್ಬಕ್ಕೆ ಬಂದು ಎರಡು ದಿನ ಇದ್ದು ಹೋದ. ಮಹದೇವಯ್ಯನವರನ್ನು ಒಂದು ಸಲವಾದರೂ "ಮಾವ" ಅನ್ನಲಿಲ್ಲ. "ನೋಡಿ..." ಅನ್ನುತ್ತಿದ್ದ, "ಇವರೇ..." ಅನ್ನುತ್ತಿದ್ದ, ಇಲ್ಲವೇ ಕೆಮ್ಮುತ್ತಿದ್ದ. ಮಹದೇವಯ್ಯನವರಿಗೆ ಗಂಡುಮಕ್ಕಳಿಲ್ಲ. ಇಡೀ ಸಂತೆಪೇಟೆಯೇ "ಯಜಮಾನ್ರೇ" ಅಂತ ಕೂಗಿದರೂ ಈ ಒಬ್ಬ ಹುಡುಗನ ಬಾಯಲ್ಲಿ "ಮಾವ" ಅನಿಸಿಕೊಳ್ಳಬೇಕೆಂಬ ಆಸೆ ಅವರನ್ನು ಹಗಲೆಲ್ಲ ತಿನ್ನುತ್ತಿತ್ತು. ಹೆಂಡತಿಗೆ ಹೇಳಿಕೊಳ್ಳಲು ನಾಚಿಕೆ. ಒಳ್ಳೆ ಉಡುಗೊರೆ ಕೊಟ್ಟರೆ ಆ ಮಾತು ತಾನಾಗಿ ಬಂದೀತು ಎಂಬುದು ಅವರ ಲೆಕ್ಕ.

ಯಾವ ಉಡುಗೊರೆ ಎಂಬ ಗುಟ್ಟನ್ನು ಆ ಗೌರಿಹಬ್ಬದಲ್ಲೇ ನಾಗಮಣಿ ಅಪ್ಪನ ಕಿವಿಯಲ್ಲಿ ಊದಿದ್ದಳು. "ಅವರ ಜೇಬಿನ ತುಂಬ ಬರೀ ಚೀಟಿ ಅಪ್ಪಾಜಿ. ನೆನ್ನೆ ಷರಟು ಒಗೆದೆ, ಒಂದು ತೂಬಿನ ಅಳತೆಯೆಲ್ಲ ಸೋಪಿನ ನೀರಲ್ಲಿ ಹೊರಟೋಯ್ತು. ಅವರ ದೊಡ್ಡ ಸಾಹೇಬರ ಹತ್ರ ತೊಗಲಿನ ಪುಟ್ಟ ಪಾಕೆಟ್ ಬುಕ್ಕಿದೆಯಂತೆ. ಒಳಗೆ ರಿಂಗು. ಬೇಕಾದಾಗ ಹಾಳೆ ಹಾಕ್ಬೋದು, ಬೇಡವಾದಾಗ ತೆಗೀಬೋದು. ಅದರ ಮೇಲೇ ಇವರ ಕಣ್ಣು."

ಹೀಗೆ ಒಂದು ಸಂಜೆ ಮಹದೇವಯ್ಯನವರು ಗುರುಸಿದ್ದಯ್ಯನವರ ಅಂಗಡಿಗೆ ದಿಗ್ವಿಜಯಕ್ಕೆ ಹೊರಟರು. ಮಂಡಿಯ ಲೆಕ್ಕದ ಪುಸ್ತಕಗಳೂ ಅಲ್ಲಿಂದಲೇ ಬರುವುದರಿಂದ ಇಬ್ಬರಿಗೂ ಹಳೇ ಸಲಿಗೆ. ಗುರುಸಿದ್ದಯ್ಯನವರು ಗಾಜಿನ ಬೀರುವಿನಿಂದ ಎರಡು ಬುಕ್ಕು ತೆಗೆದಿಟ್ಟರು. ಒಂದು ಕರೀದು, ಚಿಕ್ಕದು. ಇನ್ನೊಂದು ಕಾಫಿಪುಡಿ ಬಣ್ಣದ್ದು, ಸ್ವಲ್ಪ ದೊಡ್ಡದು, ಅದಕ್ಕೊಂದು ಗುಂಡಿ.

ಮಹದೇವಯ್ಯನವರು ಮೊದಲು ಕರೀದನ್ನು ಅಂಗೈಯಲ್ಲಿ ತೂಗಿದರು. ಆಮೇಲೆ ಮೂಸಿದರು. "ಯಾವ ಊರಿನ ಮಾಲು?"

"ಮದರಾಸಿಂದು."

"ಪಾಕ ಚೆನ್ನಾಗಿದೆ" ಎಂದವರೇ, ಅಭ್ಯಾಸಬಲ ನೋಡಿ, ಹಿಂಬದಿಯ ಮೂಲೆಗೆ ಹೆಬ್ಬೆರಳಿನ ಉಗುರು ಊರಿಯೇಬಿಟ್ಟರು. ತೊಗಲಿನ ಮೇಲೆ ಬಿದಿಗೆ ಚಂದ್ರನ ಹಾಗೆ ಒಂದು ಗೀರು ನಿಂತಿತು. ಗುರುಸಿದ್ದಯ್ಯನವರು ಆಗ ದೀಪದ ಬತ್ತಿ ಏರಿಸಲು ಅತ್ತ ತಿರುಗಿದ್ದರು. ಇವರು ಸದ್ದಿಲ್ಲದೆ ಬುಕ್ಕನ್ನು ಮಗುಚಿಟ್ಟರು.

"ರಿಂಗು ತೆಗೆದು ನೋಡಿ ಯಜಮಾನ್ರೇ."

ರಿಂಗು ಎಳೆದರೆ ಬಾಯಿ ಬಿಟ್ಟಿತು, ಒತ್ತಿದರೆ ಟಪ್ಪೆಂದು ಮುಚ್ಚಿತು. ಎರಡನೆಯ ಸಲ ಮುಚ್ಚುವಾಗ ತೋರುಬೆರಳನ್ನೂ ಸೇರಿಸಿಕೊಂಡಿತು. ಬೆರಳು ಬಾಯಲ್ಲಿಟ್ಟುಕೊಂಡು ನಿಂತ ಗಿರಾಕಿಗೆ ಗುರುಸಿದ್ದಯ್ಯನವರು ಪ್ರಶ್ನೆಗಳ ಸುರಿಮಳೆ ಸುರಿಸಿದರು. "ಅಳಿಯಂದಿರ ಜೇಬು ಎಷ್ಟಗಲ? ಎದೆಯ ಜೇಬಲ್ಲಿ ಇಡ್ತಾರೋ, ಪ್ಯಾಂಟಿನ ಜೇಬಲ್ಲೋ? ಗೆರೆ ಇರೋ ಹಾಳೆ ಇಷ್ಟವೋ, ಖಾಲಿಯೋ? ಪೆನ್ಸಿಲ್ಲಲ್ಲಿ ಬರೀತಾರೋ, ಇಂಕಲ್ಲೋ?"

ಒಂದಕ್ಕೂ ಉತ್ತರ ಗೊತ್ತಿಲ್ಲ. ಹತ್ತು ಗಾಡಿ ಬೆಲ್ಲವನ್ನು ಕಣ್ಣು ಮುಚ್ಚಿ ಆರಿಸುವ ಮನುಷ್ಯ ಬೆಪ್ಪಾಗಿ ನಿಂತರು. ಮಗಳನ್ನೇ ಕೊಟ್ಟಿದ್ದೇನೆ, ಹುಡುಗನ ಜೇಬಿನ ಅಗಲ ಕೂಡ ಗೊತ್ತಿಲ್ಲವಲ್ಲ ಎಂದು ಮನಸ್ಸಿಗೆ ಪಿಚ್ಚೆನಿಸಿತು. ಕರೀದು ಹಬ್ಬಕ್ಕೆ ಆಗದು ಅನ್ನಿಸುತ್ತೆ, ಆದರೆ ಚಿಕ್ಕದು, ಯಾವ ಜೇಬಿಗೂ ಹಿಡಿಸೀತು. ಕಾಫಿ ಬಣ್ಣದ್ದು ಲಕ್ಷಣವಾಗಿದೆ, ಆದರೆ ದೊಡ್ಡದು. ಅದು ಸರಿ ಅಂದರೆ ಇದು ಕರೆಯುತ್ತೆ, ಇದು ಸರಿ ಅಂದರೆ ಅದು ಅಳುತ್ತೆ.

"ಎರಡೂ ಮನೆಗೆ ತಗೊಂಡೋಗಿ ನಿಧಾನವಾಗಿ ನೋಡಿ" ಅಂದರು ಗುರುಸಿದ್ದಯ್ಯನವರು. "ಒಂದಿಟ್ಕೊಂಡು ಒಂದು ವಾಪಸ್ ತನ್ನಿ. ಒಳಗೆ ಏನೂ ಬರೀಬಾರ್ದು, ಅಷ್ಟೇ."

"ನಮ್ಮನೇಲಿ ಯಾರ್ರೀ ಬರೀತಾರೆ?"

ಮನೆಯಲ್ಲಿ ಅವರು ಎರಡನ್ನೂ ಸರದಿಯ ಮೇಲೆ ತಮ್ಮ ಜುಬ್ಬದ ಜೇಬಿಗಿಳಿಸಿ ನೋಡಿದರು. ಬೆಲ್ಲದ ಮಾದರಿ ತುಂಬಿಕೊಳ್ಳಲು ಹೊಲಿಸಿದ ಜೇಬು ಅದು. ಎರಡು ಬುಕ್ಕೂ ಒಟ್ಟಿಗೆ ಹೋದವು, ಮೇಲೆ ತೆಂಗಿನಕಾಯಿಗೂ ಜಾಗ ಇತ್ತು. ಗೊಂದಲ ಇನ್ನಷ್ಟು ಹೆಚ್ಚಿತು. ಬೆಳಿಗ್ಗೆ ನೋಡೋಣ ಎಂದು, ದೇವಿರಮ್ಮನ ಕಣ್ಣಿಗೆ ಬೀಳದಿರಲೆಂದು, ದೇವರ ಗೂಡಿನ ಪಕ್ಕ, ಹಬ್ಬದ ಪೂಜೆಗೆ ತಂದಿಟ್ಟಿದ್ದ ಮಂಡಿಯ ಹೊಸ ಲೆಕ್ಕದ ಪುಸ್ತಕಗಳ ಮೇಲೆ ಇಟ್ಟರು. ಹಾಳಾದ್ದು, ಮನೆಯಲ್ಲಿ ಬೇರೆ ಜಾಗವೇ ಇರಲಿಲ್ಲವೇ?

ಅವರ ತಾಯಿ ಬೀರಮ್ಮನಿಗೆ ಬರುತ್ತಿದ್ದದ್ದು ಒಂದೇ ಅಕ್ಷರ. ಅದು "ಶ್ರೀ". ಗಂಡ ಬದುಕಿದ್ದಾಗ ಕಲಿಸಿದ್ದು. ಮನೆಗೆ ಯಾವ ಹೊಸ ಪುಸ್ತಕ ಬಂದರೂ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಮೊದಲ ಹಾಳೆಯಲ್ಲಿ ಅರಿಶಿನದ ಬೆರಳಿಂದ ಶ್ರೀಕಾರ ಬರೆಯದೆ ಆಕೆ ಬಿಡುತ್ತಿರಲಿಲ್ಲ. ಬೆಳಗಾಗೆದ್ದು ಮಗ ಬಂದು ನೋಡುವಷ್ಟರಲ್ಲಿ ಲೆಕ್ಕದ ಪುಸ್ತಕಗಳೂ ಮುಗಿದಿದ್ದವು, ಪಾಕೆಟ್ ಬುಕ್ಕುಗಳೂ ಮುಗಿದಿದ್ದವು.

"ಅಯ್ಯೋ ಅವ್ವ, ಇವಕ್ಕೆ ಯಾಕೆ ಹಚ್ಚಿದೆ?"

"ಒಸ ಪುಸ್ತಕ ಅಲ್ವೇನ್ಲಾ ಮಾದೇವ? ಅಂಗೇ ಬುಟ್ರೆ ಏಳ್ಗೆ ಆದದಾ?"

ಏಳಿಗೆಯ ಮುಂದೆ ವಾದ ಉಂಟೆ? ಮಹದೇವಯ್ಯನವರು ಕಾಫಿ ಬಣ್ಣದ್ದನ್ನು ಪಂಚೆಯಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದರು. ಬಟ್ಟೆ ಸೋಪು ಹಚ್ಚಿ ಉಜ್ಜಿದರು. ಅರಿಶಿನಕ್ಕೂ ಸೋಪಿಗೂ ಎಂಥ ನಂಟು ಎಂಬುದು ಬಟ್ಟೆ ಒಗೆಯುವ ಹೆಂಗಸರಿಗೆಲ್ಲ ಗೊತ್ತು, ಮಂಡಿ ಯಜಮಾನರಿಗೆ ಗೊತ್ತಿಲ್ಲ. ಹಳದಿ ಇದ್ದ ನಾಲ್ಕು ಮೂಲೆಯೂ ನೋಡನೋಡುತ್ತಲೇ ರಕ್ತಗೆಂಪಾದವು. ಹಿಂದಿನಿಂದ ದೇವಿರಮ್ಮನ ದನಿ ಬಂತು.

"ಅತ್ತೆ ಅರಿಶಿನ ಇಟ್ರು, ನೀವು ಕುಂಕುಮ ಇಟ್ರಿ. ಇನ್ನು ಬಳೆ ಒಂದು ತೊಡಿಸಿಬಿಟ್ರೆ ಆಯ್ತು."

"ನೀನು ಬಾಯಿ ಹಾಕಕೂಡದು ಅಂದಿದ್ದೆ."

"ಹಾಕಲಿಲ್ಲಪ್ಪ. ಸೋಪು ಹಾಕ್ತಿರೋದು ನೀವು."

ಹೀಗೆ ಆಯ್ಕೆ ಎಂಬುದು ಬಚ್ಚಲುಮನೆಯಲ್ಲಿ ತಾನಾಗಿಯೇ ನಡೆದುಹೋಯಿತು. ಕಾಫಿ ಬಣ್ಣದ್ದನ್ನು ಅಂಗಡಿಯವರು ಇನ್ನು ಮುಟ್ಟುವುದಿಲ್ಲ, ಅದೇ ಅಳಿಯನಿಗೆ. ಕರೀದರ ಮೇಲೆ ಅರಿಶಿನ ಅಷ್ಟಾಗಿ ಕಾಣದು. ಅದನ್ನು ಕೊಬ್ಬರಿ ಎಣ್ಣೆಯಲ್ಲಿ ಒರೆಸಿದರು, ರಿಂಗು ಬಿಚ್ಚಿ ಶ್ರೀಕಾರದ ಹಾಳೆಯನ್ನು ಹೊರಗೆ ತೆಗೆದರು. ಇಂಥ ಪುಸ್ತಕ ಕಂಡುಹಿಡಿದವನ ಹೊಟ್ಟೆ ತಣ್ಣಗಿರಲಿ ಅಂದುಕೊಂಡರು. ಆ ಹಾಳೆಯನ್ನು ಮಡಿಸಿ ಸೌದೆಯ ಸಂದಿಗೆ ತುರುಕಿ, ಅಂಗಡಿಗೆ ನಡೆದರು.

ಗುರುಸಿದ್ದಯ್ಯನವರು ಕರೀ ಬುಕ್ಕನ್ನು ಕೈಗೆ ತಗೊಂಡು ಒಂದು ಸಲ ಮೂಸಿದರು. ಹಿಂದೆ ಮುಂದೆ ತಿರುಗಿಸಿದರು. ಹಿಂಬದಿಯ ಮೂಲೆಯ ಮೇಲೆ ಹೆಬ್ಬೆರಳು ಒಂದು ಗಳಿಗೆ ನಿಂತಿತು.

"ತಲೆಗೆ ಎಣ್ಣೆ ಒತ್ಕೊಂಡಿದ್ರೋ ಯಜಮಾನ್ರೇ?"

"ಹಬ್ಬ ಬಂತಲ್ಲ" ಅಂದರು ಮಹದೇವಯ್ಯನವರು.

"ಇರಲಿ ಬಿಡಿ. ಯಾರಾದ್ರೂ ಪುಣ್ಯಾತ್ಮರು ಬರ್ತಾರೆ" ಎಂದು ಗುರುಸಿದ್ದಯ್ಯನವರು ಅದನ್ನು ಬೀರುವಿಗೆ ಸೇರಿಸಿದರು. ಪಾರಾದೆ ಎಂದು ಮಹದೇವಯ್ಯನವರು ದಾರಿಯಲ್ಲಿ ಎರಡು ಮೊಳ ಮಲ್ಲಿಗೆ ಕೊಂಡು ಹೆಂಡತಿಗೆ ತಂದರು.

ನರಕಚತುರ್ದಶಿಯ ಬೆಳಿಗ್ಗೆ ಎಣ್ಣೆನೀರು ಮುಗಿಯಿತು. ಅಶ್ವತ್ಥ ಹೊಸ ಷರಟು ಹಾಕಿಕೊಂಡು ಮಣೆಯ ಮೇಲೆ ಕೂತ. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣಿನ ನಡುವೆ ಕೆಂಪು ಮೂಲೆಗಳ ಕಾಫಿ ಬಣ್ಣದ ಬುಕ್ಕಿಟ್ಟು ಮಹದೇವಯ್ಯನವರು ತಟ್ಟೆ ಚಾಚಿದರು. ಹುಡುಗ ತೆರೆದು ನೋಡಿದ. ಹಳದಿ ಶ್ರೀಕಾರ ಕಂಡು ಅದನ್ನು ಕಣ್ಣಿಗೊತ್ತಿಕೊಂಡ. ಮುಖ ಅರಳಿತು. ಈಗ ಅಂತಾನೆ, ಈಗ ಅಂದೇ ಅಂತಾನೆ ಎಂದು ಮಹದೇವಯ್ಯನವರು ಮುಂದೆ ಬಾಗಿದರು.

"ನೋಡಿ... ತುಂಬಾ ಚೆನ್ನಾಗಿದೆ" ಅಂದ ಅಶ್ವತ್ಥ. ಎದೆಯ ಜೇಬಿಗೆ ಇಳಿಸಹೋದ. ಬುಕ್ಕು ಜೇಬಿನ ಬಾಯಲ್ಲೇ ಸಿಕ್ಕಿಕೊಂಡಿತು. ಅತ್ತ ಒತ್ತಿದ, ಇತ್ತ ಒತ್ತಿದ. ಅರ್ಧ ಒಳಗೆ, ಅರ್ಧ ಹೊರಗೆ. ನಾಗಮಣಿ ಸೆರಗು ಬಾಯಿಗಿಟ್ಟುಕೊಂಡಳು. ಮಹದೇವಯ್ಯನವರ ಮನಸ್ಸು ಕುಸಿಯಿತು.

ಆಗ ಅಶ್ವತ್ಥ ಎದ್ದು ತನ್ನ ಚೀಲದಿಂದ ಬಣ್ಣದ ಕಾಗದದ ಪೊಟ್ಟಣವೊಂದನ್ನು ತಂದು ಎರಡೂ ಕೈಯಲ್ಲಿ ನೀಡಿದ. ಒಂದು ಸಲ ಕೆಮ್ಮಿದ. "ಇದು ನಿಮಗೆ, ಮಾವ."

ಮಾವ. ಆರು ತಿಂಗಳು ಕಾದ ಮಾತು. ಮಹದೇವಯ್ಯನವರ ಕಣ್ಣು ಮಂಜಾಯಿತು. ಆ ಮಂಜಿನಲ್ಲೇ ಕಾಗದ ಬಿಚ್ಚಿದರು. ಒಳಗೆ ಕರೀ ತೊಗಲಿನ ಪುಟ್ಟ ಪಾಕೆಟ್ ಬುಕ್ಕು. ಕೊಬ್ಬರಿ ಎಣ್ಣೆ ಘಮ್ಮೆಂದಿತು. ಹಿಂಬದಿಗೆ ತಿರುಗಿಸಿದರೆ ಮೂಲೆಯಲ್ಲಿ ಬಿದಿಗೆ ಚಂದ್ರ.

"ಮಂಡಿಗೆ ಉಪಯೋಗಕ್ಕೆ ಬರುತ್ತೆ ಅಂತ ನೆನ್ನೆ ತಗೊಂಡೆ. ನಾಗಮಣಿಯೇ ಅಂಗಡಿ ಹೇಳಿದ್ಲು."

ಬೀರಮ್ಮ ಪಕ್ಕದಿಂದ ಬಗ್ಗಿ ನೋಡಿದರು. "ಇದೇನ್ಲಾ, ಇದ್ರಲ್ಲಿ ಸಿರಿಕಾರನೇ ಇಲ್ಲ. ತಾಳು." ಒಳಗೆ ಹೋಗಿ ದೇವರ ಪಟದ ಹಿಂದಿನಿಂದ ಮಡಿಸಿದ ಹಾಳೆಯೊಂದನ್ನು ತಂದರು. "ಯಾವನೋ ಪಾಪಿ ಸಿರಿಕಾರದ ಆಳೆಯ ಸೌದೆ ಸಂದಿಗೆ ತುರುಕಿದ್ದ. ಎತ್ತಿ ಮಡ್ಗಿದ್ದೆ. ಇದ್ನೇ ಆಕು."

ಅಶ್ವತ್ಥ ಅಜ್ಜಿಯ ಮಾತು ಮೀರಲಾರದೆ ರಿಂಗು ಬಿಚ್ಚಿ ಹಾಳೆ ಇಟ್ಟ. ತೂತಿಗೆ ತೂತು ಸರಿಯಾಗಿ ಕೂತಿತು. ಟಪ್ಪೆಂದು ಮುಚ್ಚಿತು. ದೇವಿರಮ್ಮ ಹಾಳೆ ನೋಡಿದರು, ಬುಕ್ಕು ನೋಡಿದರು, ಆಮೇಲೆ ಬಹಳ ಹೊತ್ತು ಗಂಡನನ್ನು ನೋಡಿದರು.

ಮಹದೇವಯ್ಯನವರು ಮಾನ ಉಳಿಸಿಕೊಳ್ಳಲು ಕೊನೆಯ ದಾಳ ಎಸೆದರು. "ಅಳಿಯಂದಿರೇ, ನಿಮ್ಮ ಜೇಬಿಗೆ ಈ ಚಿಕ್ಕದೇ ಸರಿ. ನನ್ನ ಜುಬ್ಬಕ್ಕೆ ಆ ದೊಡ್ಡದು. ಬದಲಾಯಿಸ್ಕೊಂಡ್ಬುಡೋಣ."

"ಅದಾಗಲ್ಲ ಮಾವ" ಅಂದ ಅಶ್ವತ್ಥ, ಈಗ ಮಾತು ಸಲೀಸಾಗಿ ಬರುತ್ತಿತ್ತು. "ಬೆಲ್ಲದ ಮಂಡಿ ಯಜಮಾನ್ರಿಗೆ ಅಂದಿದ್ದೇ ತಡ, ನಾನು ಬೇರೆ ತಗೋತೀನಿ ಅಂದ್ರೂ ಅಂಗಡಿಯವರು ಇದನ್ನೇ ಕಟ್ಟಿದ್ರು. ‘ಉಗುರು ಹಾಕಿದ್ದು ಹಾಕಿದವರದೇ, ಕಾನೂನು ಅಂದ್ರೆ ಕಾನೂನು ಅಂತ ನಿಮ್ಮ ಮಾವನವರಿಗೆ ಹೇಳಿ’ ಅಂದ್ರು. ನನಗೇನೂ ಅರ್ಥ ಆಗ್ಲಿಲ್ಲ. ಅದ್ಯಾವ ಕಾನೂನು ಮಾವ?"

ದೇವಿರಮ್ಮ ಮುಡಿಯ ಮಲ್ಲಿಗೆ ಸರಿಮಾಡಿಕೊಳ್ಳುತ್ತಾ ಎದುರಿಗೆ ಬಂದು ಕೂತರು.

"ಹೇಳಿ. ಅಷ್ಟು ಬಾಯಿತುಂಬ ಮಾವ ಅಂತ ಕೇಳ್ತಿದ್ದಾರೆ. ನಾನು ಬಾಯಿ ಹಾಕಲ್ಲ."