ಹಿಮದ ಮೇಲೆ ಹೆಂಡತಿ, ಷರತ್ತಿನ ಕೆಳಗೆ ಗಂಡ

"ವಿಮೆ ವಿಷಯ ನನಗೆ ಬಿಡು. ನನಗೆ ಟೋಪಿ ಹಾಕೋ ಕಂಪನಿ ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ," ಎಂದು ಭೂತಗನ್ನಡಿ ಸಾಹೇಬರು ಸೋಮವಾರ ಬೆಳಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಟ್ಟಿ ಘೋಷಿಸಿದರು. ಕಾಫಿ ತುಳುಕಿತು. ಹೆಂಡತಿ ಒರೆಸುವ ಬಟ್ಟೆ ತರಲು ಎದ್ದರು. ಚರಿತ್ರೆಯ ದೊಡ್ಡ ದೊಡ್ಡ ಘೋಷಣೆಗಳ ಹಿಂದೆಲ್ಲ ಹೀಗೆ ಮೇಜು ಒರೆಸಿದವರೊಬ್ಬರು ಇದ್ದೇ ಇರುತ್ತಾರೆ. ಅವರ ವಿಚಾರ ಯಾರೂ ಬರೆದಿಡುವುದಿಲ್ಲ.

ಭೂತಗನ್ನಡಿ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಆಫೀಸಿನವರು ಇಟ್ಟದ್ದು. ವಾಹನ ವಿಮೆ ಮಾರುವ ಕಂಪನಿಯೊಂದರಲ್ಲಿ ಅವರದು ಕ್ಲೇಮು ತನಿಖೆಯ ಕೆಲಸ. ಕಾಲು ಮುರಿದುಕೊಂಡು ಪರಿಹಾರ ಕೇಳಿ ಬಂದವರ ಕಾಲು ನಿಜವಾಗಿ ಮುರಿದಿದೆಯೇ, ಮುರಿದಿದ್ದರೆ ಯಾರು ಮುರಿದರು, ದುಡ್ಡಿನಾಸೆಗೆ ತಾವೇ ಮುರಿದುಕೊಂಡರೇ ಎಂದು ಅವರು ಪತ್ತೆ ಹಚ್ಚಬೇಕು. ಇಷ್ಟು ವರ್ಷ ಇದೇ ಕೆಲಸ ಮಾಡಿ ಮಾಡಿ ಅನುಮಾನ ಅವರ ರಕ್ತಕ್ಕೇ ಇಳಿದಿತ್ತು. ಗೋಡೆ ಗಡಿಯಾರ ಹಿಂದೆ ಬಿದ್ದರೂ ಅದಕ್ಕೆ ಯಾರ ಕುಮ್ಮಕ್ಕು ಎಂದು ಯೋಚಿಸುವ ಜಾಯಮಾನ. ನೆಂಟರು ಮನೆಗೆ ಬಂದು ಸೊಂಟ ನೋವೆಂದರೆ, "ಯಾವತ್ತಿಂದ? ನೋಡಿದವರು ಯಾರಿದ್ದಾರೆ?" ಎಂದು ಕೇಳಿಬಿಡುತ್ತಿದ್ದರು. ನೆಂಟರು ಬರುವುದು ಕಡಿಮೆಯಾಗಿತ್ತು.

ಹೆಂಡತಿ ಶಾಲೆಯೊಂದರ ವ್ಯಾಯಾಮದ ಟೀಚರ್. ಊರಾಚೆ ಯಾರೋ ದೊಡ್ಡ ಗೋದಾಮಿನೊಳಗೆ ಯಂತ್ರದಿಂದ ಹಿಮ ಸುರಿಸಿ ಇಳಿಜಾರು ಕಟ್ಟಿದ್ದರು. ಶಾಲೆಯ ಮಕ್ಕಳನ್ನು ಕಾಯಲೆಂದು ಅಲ್ಲಿಗೆ ಹೋದ ಟೀಚರ್ ತಾವೂ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರಿದರು. ಜಾರಿದವರು ಮತ್ತೆ ನಿಲ್ಲಲಿಲ್ಲ. ಐವತ್ತರ ಹೊಸ್ತಿಲಲ್ಲಿ ಆ ಹುಚ್ಚು ತಲೆಗೇರಿ, ಈಗ ಪರದೇಶದ ಹಿಮಬೆಟ್ಟದ ಮೇಲೆ ಇಡೀ ಚಳಿಗಾಲ ಇದ್ದು ಸ್ಕೀ ಕಲಿಸುವವರ ತರಬೇತಿ ಪಡೆಯಲು ಅವರಿಗೆ ಸೀಟು ಸಿಕ್ಕಿತ್ತು. ತರಬೇತಿ ಶಾಲೆಯವರದು ಒಂದೇ ಷರತ್ತು. ಶುಕ್ರವಾರದೊಳಗೆ ಪ್ರವಾಸ ವಿಮೆ ತೋರಿಸಬೇಕು, ಇಲ್ಲದಿದ್ದರೆ ಸೀಟು ಮುಂದಿನವರ ಪಾಲು.

ಸಾಹೇಬರು ಕೆಲಸಕ್ಕೆ ರಜೆ ಹಾಕಿ ಊಟದ ಮೇಜನ್ನೇ ಕಚೇರಿ ಮಾಡಿಕೊಂಡರು. ಪಾಲಿಸಿಯನ್ನು ಕೊನೆಯ ಪುಟದಿಂದ ಓದುವುದು ಅವರ ಕ್ರಮ. ಮೊದಲ ಪುಟದಲ್ಲಿ ಕಂಪನಿ ನಗುತ್ತದೆ, ಕೊನೆಯ ಪುಟದಲ್ಲಿ ಕಚ್ಚುತ್ತದೆ ಎಂಬುದು ಅವರ ಅನುಭವ. ಒಂದು ಕಂಪನಿ ಸ್ಕೀಯನ್ನು ಅಪಾಯದ ಆಟವೆಂದು ಹೊರಗಿಟ್ಟಿತ್ತು. ಇನ್ನೊಂದು, ಮೋಜಿಗೆ ಜಾರಿ ಬಿದ್ದರೆ ಸರಿ, ಕಲಿಸುವುದನ್ನು ಕಲಿಯಲು ಹೋಗಿ ಬಿದ್ದರೆ ಅದು ಉದ್ಯೋಗ ಎನ್ನುತ್ತಿತ್ತು. ಮತ್ತೊಂದು ಬಿದ್ದವರನ್ನೆಲ್ಲ ನೋಡಿಕೊಳ್ಳುತ್ತಿತ್ತು, ಆದರೆ ಕೆಲವೇ ವಾರ. ಆಮೇಲೆ ಬೀಳುವ ಹಾಗಿಲ್ಲ. ಮಂಗಳವಾರ ಸಂಜೆ ಟೀಚರ್ ತಾವೇ ಒಂದನ್ನು ಹುಡುಕಿ ತಂದರು.

"ರೀ, ಇದರಲ್ಲಿ ತರಬೇತೀನೂ ಸೇರಿದೆ, ಇಡೀ ಚಳಿಗಾಲಾನೂ ಸೇರಿದೆ. ಇದು ಸಾಕಲ್ವಾ?"

ಸಾಹೇಬರು ಓದಿದರು. ಹುಬ್ಬು ಗಂಟಿಕ್ಕಿತು. "ಇಲ್ನೋಡು, 'ಸಾಮಾನ್ಯವಾಗಿ' ಅಂತ ಒಂದು ಪದ ಇದೆ."

"ಇದ್ರೆ ಏನೀಗ?"

"ಏನೀಗ ಅಂದ್ರೆ? ಆ ಒಂದು ಪದ ಇಟ್ಕೊಂಡು ನಾನೇ ಎಷ್ಟು ಜನರನ್ನ ಬರಿಗೈಲಿ ವಾಪಸ್ ಕಳಿಸಿದೀನಿ ಗೊತ್ತಾ? ಆಮೇಲೆ ಈ ಮುಖಪುಟದ ಮೇಲಿನ ಹುಡುಗಿ ನೋಡು. ಕಾಲಿಗೆ ಪಟ್ಟಿ ಕಟ್ಕೊಂಡು ಹಲ್ಲು ಕಿರೀತಿದಾಳೆ. ಕಾಲು ಮುರಿದವರು ಯಾರಾದ್ರೂ ನಗ್ತಾರಾ? ಕಂಪನಿನೇ ಸುಳ್ಳು."

ಟೀಚರ್ ಕಾಗದಗಳನ್ನು ಜೋಡಿಸಿ ಪಕ್ಕಕ್ಕಿಟ್ಟರು. ಗಂಡನ ಮುಖವನ್ನೇ ನೋಡುತ್ತ, "ಒಂದು ಮಾತು ನಿಜ ಹೇಳಿ," ಎಂದರು. "ನಾನು ಹೋಗೋದು ನಿಮಗೆ ಇಷ್ಟ ಇಲ್ಲ. ಇಲ್ಲ ಅಂತ ಬಾಯಿ ಬಿಟ್ಟು ಹೇಳೋ ಬದಲು ಶುಕ್ರವಾರ ದಾಟಿಸ್ತಾ ಇದೀರಿ. ಹೌದೋ ಅಲ್ವೋ?"

ಸಾಹೇಬರು ಅಲ್ಲ ಎಂದು ಹೇಳಲು ಬಾಯಿ ತೆರೆದರು. ಆದರೆ ವೃತ್ತಿಯ ಅಭ್ಯಾಸ ಕೆಟ್ಟದ್ದು, ಅದು ತಮ್ಮ ಮೇಲೂ ತಿರುಗುತ್ತದೆ. ನಿಜವಾಗಿ ಅಲ್ಲವೇ ಎಂದು ಒಳಗೇ ವಿಚಾರಣೆ ಶುರುವಾಯಿತು. ಇಡೀ ಚಳಿಗಾಲ ಈ ಮನೆಯಲ್ಲಿ ತಾವು, ಒಳಕೋಣೆಯಲ್ಲಿರುವ ಅತ್ತೆಯವರು, ಮತ್ತು ಆ ಗಡಿಯಾರ. ಉತ್ತರ ತಡವಾದದ್ದನ್ನು ಟೀಚರ್ ಗಮನಿಸಿದರು. ಎದ್ದು ಒಳಗೆ ಹೋದರು.

ಬುಧವಾರ ಸಾಹೇಬರು ಟೊಂಕ ಕಟ್ಟಿ ನಿಂತರು. ಕಂಪನಿಗಳಿಗೆ ತಾವೇ ಫೋನು ಮಾಡಿ, ತೂತಿಲ್ಲದ ಪಾಲಿಸಿಯನ್ನು ಹಿಡಿದು ತಂದು ಹೆಂಡತಿಯ ಮುಂದಿಡುವುದೆಂದು ತೀರ್ಮಾನ. ತಾವೂ ಇದೇ ಧಂದೆಯವರೆಂದು ಗೊತ್ತಾದರೆ ಎದುರಿನವರು ಹುಷಾರಾಗಿಬಿಡುತ್ತಾರೆ, ಆದ್ದರಿಂದ ಹೆಸರು ಹೇಳಬಾರದು. ಹಾಗೆಯೇ ಅತಿ ಕೆಟ್ಟ ಸಂದರ್ಭಗಳನ್ನೇ ಕೇಳಬೇಕು. ಪಾಲಿಸಿಯ ಬಣ್ಣ ಬಯಲಾಗುವುದು ಅಲ್ಲೇ.

ಫೋನೆತ್ತಿದ ಹೆಂಗಸಿನ ದನಿ ಜೇನಿನ ಹಾಗಿತ್ತು. ಅಷ್ಟಕ್ಕೇ ಸಾಹೇಬರಿಗೆ ಅನುಮಾನ ಬಂತು.

"ನನ್ನ ಹೆಂಡತಿ ಪರದೇಶಕ್ಕೆ ಹೋಗ್ತಿದಾಳೆ. ಹಿಮದ ಬೆಟ್ಟ. ಅಲ್ಲಿಂದ ಬಿದ್ರೆ ಎಷ್ಟು ಕೊಡ್ತೀರಿ?"

"ಆಸ್ಪತ್ರೆ ಖರ್ಚೆಲ್ಲ ಬರುತ್ತೆ ಸರ್."

"ಆಸ್ಪತ್ರೆವರೆಗೂ ತಲುಪದಿದ್ರೆ?"

ಜೇನು ಸ್ವಲ್ಪ ಗಟ್ಟಿಯಾಯಿತು. "ಆ ಥರ ಆದ್ರೂ ಪರಿಹಾರ ಇದೆ ಸರ್."

"ತಾನಾಗಿ ಬೀಳದೆ, ಹಿಂದಿನಿಂದ ಯಾರಾದ್ರೂ ತಳ್ಳಿದ್ರೆ?"

"ಯಾರು ಸರ್ ತಳ್ತಾರೆ?"

"ಯಾರಾದ್ರೂ. ಸರಿ, ಅಪಘಾತ ಆದಾಗ ಗಂಡ ಪಕ್ಕದಲ್ಲೇ ಇದ್ದ ಅಂತಿಟ್ಕೊಳ್ಳಿ. ಆಗ ದುಡ್ಡು ಕೊಡೋಕೆ ತಕರಾರು ತೆಗೀತೀರಾ?"

ಆ ಕಡೆ ಕೀಲಿಮಣೆ ಕುಟ್ಟುವ ಸದ್ದು ಕೇಳಿಸಿತು. "ಸರ್, ಈ ವಿಮೆ ಮಾಡಿಸ್ತಿರೋದು ಮೇಡಂಗೆ ಗೊತ್ತಾ?"

"ಈ ಪ್ರಶ್ನೆಗಳೆಲ್ಲ ಅವಳಿಗ್ಯಾಕೆ? ಸುಮ್ನೆ ಹೆದರ್ತಾಳೆ. ಕೊನೇದು ಒಂದು. ಹಿಮದಲ್ಲಿ ಹೂತು ದೇಹ ಸಿಗದೇ ಹೋದ್ರೆ ಎಷ್ಟು ಕಾಲ ಕಾಯಬೇಕು?"

"ನಿಮ್ಮ ಹೆಸರು ಸರ್?"

"ಹೆಸರು ಬೇಡ," ಎಂದು ಸಾಹೇಬರು ಫೋನಿಟ್ಟು ಮೀಸೆ ತಿರುವಿದರು. ಹಾಗೇ ಮಿಕ್ಕ ಕಂಪನಿಗಳಿಗೂ ಸರದಿಯಂತೆ ಫೋನು ಹೋಯಿತು. ಅಪಘಾತಕ್ಕೆ ಮುಂಚೆ ಪರಿಹಾರದ ಲೆಕ್ಕ ಕೇಳುವವನನ್ನು ಬಿಡಬೇಡಿ, ಮನೆಗೆ ಹೋಗಿ ನೋಡಿ ಎಂದು ಹೊಸದಾಗಿ ಸೇರಿದ ತನಿಖೆದಾರರಿಗೆ ವರ್ಷಾ ವರ್ಷಾ ಪಾಠ ಹೇಳುತ್ತಿದ್ದವರು ಅವರೇ. ಅಂಥವನು ಒಂದು ಕಡೆ ಕಂಡರೆ ಉಳಿದ ಕಂಪನಿಗಳಿಗೂ ಸುದ್ದಿ ಮುಟ್ಟಿಸುವುದು ಈ ಧಂದೆಯ ಪದ್ಧತಿ. ಆ ಹೊತ್ತಿನಲ್ಲಿ ಸಾಹೇಬರಿಗೆ ಅದರ ನೆನಪೇ ಆಗಲಿಲ್ಲ. ಸಂಜೆಯ ಹೊತ್ತಿಗೆ ಒಂದೊಂದೇ ಕಂಪನಿ ಕ್ಷಮೆ ಕೇಳಿ ಕೈಚೆಲ್ಲಿತು.

"ನೋಡಿದೆಯಾ? ಎಲ್ಲಾ ಸೇರಿ ಪಿತೂರಿ ಮಾಡಿದಾರೆ," ಎಂದರು ಸಾಹೇಬರು.

"ನಾನೂ ಹಾಗೇ ಅಂದ್ಕೊಂಡೆ," ಎಂದರು ಟೀಚರ್. "ಪಿತೂರಿ ಯಾರದು ಅನ್ನೋದೊಂದೇ ಅನುಮಾನ."

ಗುರುವಾರ ಮಧ್ಯಾಹ್ನ ಬಾಗಿಲ ಗಂಟೆ ಬಾರಿಸಿತು. ಕೈಯಲ್ಲಿ ಫೈಲು ಹಿಡಿದ ಯುವತಿ. ಸಾಹೇಬರು ಮೊದಲು ಫೋನು ಮಾಡಿದ್ದ ಕಂಪನಿಯಿಂದ, ಫೋನ್ ನಂಬರಿನ ಜಾಡು ಹಿಡಿದು ಬಂದವಳು. ಒಳಗೆ ಬಂದವಳೇ ಗೋಡೆಯ ಮೇಲಿನ ಮದುವೆ ಫೋಟೋ ಚೆನ್ನಾಗಿದೆ ಎಂದಳು, ಆಮೇಲೆ ಕುಡಿಯಲು ನೀರು ಕೇಳಿದಳು. ಸಾಹೇಬರ ಕಿವಿ ನೆಟ್ಟಗಾಯಿತು. ಫೋಟೋ ಹೊಗಳುವುದು ಗಂಡಹೆಂಡಿರ ಮುಖ ನೋಡಲು, ನೀರು ಕೇಳುವುದು ಗಂಡನನ್ನು ಅಡುಗೆಮನೆಗೆ ಸಾಗಹಾಕಲು. ತನಿಖೆದಾರರ ಹಳೆಯ ಪಟ್ಟು. ಗೊತ್ತಿದ್ದೂ ಸಾಹೇಬರು ನೀರು ತರಲು ಹೋದರು. ಹಿಂದೆಯೇ ಬಾಗಿಲು ಮುಚ್ಚಿತು.

ಅಡುಗೆಮನೆಯಲ್ಲಿ ಲೋಟ ಹಿಡಿದು ಬಾಗಿಲಿಗೆ ಕಿವಿಕೊಟ್ಟರು.

"ಮೇಡಂ, ಮನೇಲಿ ನಿಮಗೆ ಏನಾದ್ರೂ ಭಯ ಇದೆಯಾ?"

"ಭಯ ಏನಿಲ್ಲ. ಬೇಜಾರಿದೆ."

ಅಷ್ಟರಲ್ಲಿ ಒಳಕೋಣೆಯಿಂದ ಅತ್ತೆಯವರ ದನಿ ಕೇಳಿತು. ಟೀಚರ್ ಅವರ ತಾಯಿಗೆ ಮುಚ್ಚುಮರೆ ಎಂಬುದು ಹುಟ್ಟಿನಿಂದಲೇ ಗೊತ್ತಿಲ್ಲ. "ಯಾರಮ್ಮಾ ನೀನು? ಅಳಿಯಂದಿರ ಬಗ್ಗೆ ಕೇಳ್ತಿದೀಯಾ? ಚಿನ್ನದಂಥ ಮನುಷ್ಯ. ನಿನ್ನೆಯೆಲ್ಲ ಪಾಪ ಊಟ ಬಿಟ್ಟು, ನನ್ನ ಮಗಳ ಹೆಣ ಸಿಗದೇ ಹೋದ್ರೆ ಹೇಗೆ ಅಂತ ಫೋನಲ್ಲಿ ವಿಚಾರಿಸ್ತಾ ಇದ್ರು."

ಸಾಹೇಬರ ಕೈಯಿಂದ ಲೋಟ ಜಾರಿತು. ಬಾಗಿಲು ತೆರೆಯಿತು.

"ಬನ್ನಿ ಸರ್, ಕೂತ್ಕೊಳ್ಳಿ," ಎಂದಳು ಯುವತಿ. ತಮ್ಮ ಮನೆಯಲ್ಲಿ ತಮಗೇ ಕುರ್ಚಿ ತೋರಿಸಿಕೊಂಡು ಸಾಹೇಬರು ಕೂತರು. "ಹೆಸರು ಯಾಕೆ ಹೇಳಲಿಲ್ಲ?"

"ನಾನೂ ಇದೇ ಕೆಲಸದವನಮ್ಮ. ಕ್ಲೇಮು ತನಿಖೆ."

"ಓಹೋ. ಹಾಗಾದ್ರೆ ಎಲ್ಲಿ ಸಿಕ್ಕಿಬೀಳ್ತಾರೆ ಅನ್ನೋದು ನಿಮಗೆ ಚೆನ್ನಾಗಿ ಗೊತ್ತು," ಎಂದು ಆಕೆ ಬರೆದುಕೊಂಡಳು. "ಅಪಘಾತ ಆದಾಗ ಗಂಡ ಪಕ್ಕದಲ್ಲಿದ್ರೆ ಅಂತ ಕೇಳಿದ್ರಿ. ಹೋಗೋರು ಮೇಡಂ ಒಬ್ಬರೇ ಅಲ್ವಾ?"

"ಮಧ್ಯದಲ್ಲಿ ಒಂದ್ಸಲ ಹೋಗಿ ನೋಡ್ಕೊಂಡು ಬರೋಣ ಅಂತ."

"ನನಗೆ ಹೇಳೇ ಇಲ್ಲ," ಎಂದರು ಟೀಚರ್.

"ಹೇಳದೇನೇ ಹೋಗೋಣ ಅಂತಿದ್ದೆ."

"ಗುಟ್ಟಾಗಿ," ಎಂದು ಯುವತಿ ಅದನ್ನೂ ಬರೆದುಕೊಂಡಳು.

ಆಗ ಸಾಹೇಬರ ಕಟ್ಟೆ ಒಡೆಯಿತು. "ಅಯ್ಯೋ, ಬರೀಬೇಡಮ್ಮ. ಕೇಳಿಲ್ಲಿ. ಮುರಿದ ಕಾಲು, ಮುರಿದ ಕೈ, ಇದನ್ನ ಬಿಟ್ಟು ನಾನು ಬೇರೇನೂ ನೋಡಿಲ್ಲ. ಇವಳು ಬೆಟ್ಟ ಅಂದ ದಿನದಿಂದ ಕಣ್ಣು ಮುಚ್ಚಿದ್ರೆ ಆ ಕ್ಲೇಮು ಫೈಲಿನ ಫೋಟೋಗಳಲ್ಲೆಲ್ಲ ಇವಳ ಮುಖಾನೇ ಕಾಣುತ್ತೆ. ಹೋಗಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ, ಅಷ್ಟು ಖುಷಿಯಾಗಿದಾಳೆ. ಹೋಗು ಅನ್ನೋಕೂ ಧೈರ್ಯ ಇಲ್ಲ. ನನಗೆ ನಿಮ್ಮ ಪರಿಹಾರ ಬೇಡ. ಇವಳು ಬೇಕು."

ಒಳಕೋಣೆಯ ಬಾಗಿಲಿಗೆ ಬಂದು ನಿಂತಿದ್ದ ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಟೀಚರ್ ಗಂಡನನ್ನೇ ನೋಡಿದರು. ಯುವತಿ ಮಾತ್ರ ಪೆನ್ನಿನ ಮುಚ್ಚಳ ಹಾಕದೆ, "ಎಲ್ಲಾ ಗಂಡಂದಿರೂ ಹೀಗೇ ಹೇಳ್ತಾರೆ ಸರ್," ಎಂದಳು. ಅವಳ ಜಾಗದಲ್ಲಿದ್ದರೆ ಸಾಹೇಬರೂ ಅದನ್ನೇ ಹೇಳುತ್ತಿದ್ದರು.

ಆಮೇಲೆ ಟೀಚರ್ ಮಾತಾಡಿದರು. ಹಿಂದೆ ಒಮ್ಮೆ ಮಂಡಿ ಉಳುಕಿದ್ದು, ಗೋದಾಮಿನ ಹಿಮದಲ್ಲಿ ಬಿದ್ದದ್ದು, ಪರದೇಶದ ಬೆಟ್ಟವನ್ನು ಗುರುಗಳಿಲ್ಲದೆ ಹತ್ತುವುದಿಲ್ಲವೆಂಬುದು, ಎಲ್ಲವನ್ನೂ ಬಿಡಿಸಿ ಹೇಳಿದರು. ಮಂಡಿಯ ಮಾತು ಬಂದಾಗ, ಹಳೆಯ ನೋವು ಹೇಳಿದರೆ ವಿಮೆ ಕೈತಪ್ಪೀತೆಂದು, ಸಾಹೇಬರು ಮೇಜಿನಡಿ ಹೆಂಡತಿಯ ಕಾಲು ತುಳಿಯಲು ಹೋದರು. ತುಳಿದದ್ದು ಯುವತಿಯ ಕಾಲನ್ನು. ಕೊನೆಗೆ ಆಕೆಯನ್ನು ಬೀಳ್ಕೊಡಲು ಟೀಚರ್ ಗೇಟಿನವರೆಗೆ ಹೋಗಿ, ಅಲ್ಲಿ ನಿಂತು ತುಂಬ ಹೊತ್ತು ಮಾತಾಡಿ ಬಂದರು. ಏನು ಮಾತು ಎಂದು ಕೇಳುವ ಧೈರ್ಯ ಸಾಹೇಬರಿಗಿರಲಿಲ್ಲ.

ಶುಕ್ರವಾರ ಬೆಳಗ್ಗೆ ಪಾಲಿಸಿ ಬಂತು. ತರಬೇತಿ ಉಂಟು, ಇಡೀ ಚಳಿಗಾಲ ಉಂಟು, 'ಸಾಮಾನ್ಯವಾಗಿ' ಎಂಬ ಪದ ಎಲ್ಲೂ ಇಲ್ಲ. ಸಾಹೇಬರು ಕೊನೆಯ ಪುಟಕ್ಕೆ ಹಾರಿದರು. ಅಲ್ಲಿ ಒಂದೇ ಒಂದು ವಿಶೇಷ ಷರತ್ತು. "ವಿಮೆದಾರರ ಪತಿ ಸದರಿ ಬೆಟ್ಟದ ಮೇಲೆ ಹಾಜರಿರುವಷ್ಟು ಕಾಲ ಈ ವಿಮೆ ಊರ್ಜಿತವಾಗಿರುವುದಿಲ್ಲ."

ಸಾಹೇಬರ ಮುಖ ಸಪ್ಪಗಾಯಿತು. ಹಿಂದುಮುಂದಾಗಿ ಓದಿದರು, ಕನ್ನಡಕ ತೆಗೆದು ಓದಿದರು, ಬೆಳಕಿಗೆ ಹಿಡಿದು ಓದಿದರು. "ಎಂಥ ಅವಮಾನ ನೋಡು. ಈ ಷರತ್ತು ತೆಗೆಸೋವರೆಗೂ ನಾನು ಬಿಡಲ್ಲ," ಎಂದರು.

"ತೆಗೆಸೋದು ಬೇಡ. ಅದನ್ನ ಹಾಕಿಸಿದ್ದೇ ನಾನು," ಎಂದರು ಟೀಚರ್.

"ನೀನಾ?"

"ಹೂಂ, ಗೇಟಿನ ಹತ್ರ. ನಾನು ಇಳಿಜಾರಲ್ಲಿ ಬರ್ತಿರೋವಾಗ ಮರದ ಮರೇಲಿ ನಿಂತು 'ಜೋಪಾನ, ಜೋಪಾನ' ಅಂತ ಕೂಗಿಬಿಟ್ರೆ ನಾನು ಖಂಡಿತ ಬೀಳ್ತೀನಿ."

ಸಾಹೇಬರು ಕಾಗದವನ್ನು ಮೇಜಿನ ಮೇಲಿಟ್ಟರು. ಇಡೀ ಚಳಿಗಾಲ ಎಂದುಕೊಂಡರು. "ಗಟ್ಟಿಯಾಗಿ ಬರೆದಿದಾರೆ. ಎಲ್ಲೂ ತೂತಿಲ್ಲ," ಎಂದರು ಸಣ್ಣ ದನಿಯಲ್ಲಿ.

ಟೀಚರ್ ಪಾಲಿಸಿಯನ್ನು ತಮ್ಮ ಕಡೆ ಎಳೆದುಕೊಂಡು, ಷರತ್ತಿನ ಸಾಲಿನ ಮೇಲೆ ಬೆರಳಿಟ್ಟು ಗಂಡನ ಕಡೆ ತಿರುಗಿಸಿದರು.

"ಸರಿಯಾಗಿ ಓದ್ರೀ. 'ಬೆಟ್ಟದ ಮೇಲೆ' ಅಂತಿದೆ. ಬೆಟ್ಟದ ಕೆಳಗೊಂದು ಊರಿದೆ, ರೈಲೂ ಹೋಗುತ್ತೆ. ರಜೆ ಇದ್ದ ದಿನ ನಾನೇ ಇಳಿದು ಬರ್ತೀನಿ. ಆ ಹುಡುಗಿ ಕೈಲಿ ಅಷ್ಟು ಹೊತ್ತು ವಾದ ಮಾಡಿ ನಿಮಗೋಸ್ಕರ ಇಷ್ಟು ದೊಡ್ಡ ತೂತು ಬಿಡಿಸ್ಕೊಂಡು ಬಂದಿದೀನಿ, ಭೂತಗನ್ನಡಿಗೇ ಕಾಣಲಿಲ್ವಾ?"