ಐದನೆಯ ಕೇಳುಗರು ಬೇಕಾಗಿದ್ದಾರೆ

ಜಾಝ್ ಕೇಳುವವರ ಬಾಳಿನಲ್ಲಿ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ರಾಮನಗರದಲ್ಲಿ ಕೂತು ಜಾಝ್ ಕೇಳುವವರಿಗಂತೂ ವಾರಕ್ಕೆ ಎರಡು ಗ್ಯಾರಂಟಿ.

ನಮ್ಮದು ನಾಲ್ವರ ವಾಟ್ಸಾಪ್ ಗುಂಪು. ಹೆಸರು ‘ಈಗ ಕೇಳ್ತಿರೋದು’. ದಿನಾ ಬೆಳಗ್ಗೆ ಕಾಫಿ ಹೊತ್ತಿಗೆ ಒಬ್ಬೊಬ್ಬರೂ ಆವತ್ತು ಯಾವ ಆಲ್ಬಮ್ ಕೇಳುತ್ತಿದ್ದೇವೆಂದು ಬರೆಯಬೇಕು. ಬರೆದ ಮೇಲೆ ಮೊದಲಿನಿಂದ ಕೊನೆಯವರೆಗೆ, ಮಧ್ಯೆ ಏಳದೆ ಕೇಳಬೇಕು. ರಾಮನಗರದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ನಾನು, ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಭಾಯಿ, ಕನಕಪುರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಡಂ, ಮಾಗಡಿಯ ಬ್ಯಾಂಡ್‌ಸೆಟ್ಟಿನಲ್ಲಿ ಸ್ಯಾಕ್ಸೋಫೋನ್ ಊದುವ ಮೇಷ್ಟ್ರು. ಕೆಂಗಲ್ ಹತ್ತಿರದ ಛತ್ರದಲ್ಲಿ ಒಂದು ಮದುವೆ. ನಾವು ಪಂಕ್ತಿಯಲ್ಲಿ ಎಲೆ ಮುಂದೆ ಕೂತಿದ್ದಾಗ, ಬ್ಯಾಂಡಿನಲ್ಲಿ ಊದುತ್ತಿದ್ದ ಮೇಷ್ಟ್ರು ಸಿನಿಮಾ ಹಾಡಿನ ನಡುವೆ ಏನೋ ಒಂದು ಕೊಂಕು ತೆಗೆದರು. ಇಡೀ ಪಂಕ್ತಿಯಲ್ಲಿ ಮೂರೇ ಮೂರು ಜನ ತುತ್ತನ್ನು ಅರ್ಧಕ್ಕೆ ನಿಲ್ಲಿಸಿ ತಿರುಗಿ ನೋಡಿದೆವು. ಗುಂಪು ಹುಟ್ಟಿದ್ದು ಹಾಗೆ.

ನನ್ನ ರೆಕಾರ್ಡುಗಳು, ಪ್ಲೇಯರ್, ಎರಡು ದೊಡ್ಡ ಸ್ಪೀಕರ್ ಎಲ್ಲ ಇರುವುದು ಮನೆಯ ಹಿಂದಿನ ಹುಳದ ಮನೆಯಲ್ಲಿ. ರೇಷ್ಮೆ ಹುಳ ಸಾಕುವುದನ್ನು ಬಿಟ್ಟ ಮೇಲೆ ಅದು ಖಾಲಿ ಬಿದ್ದಿತ್ತು. ಆದರೆ ಅದರ ಯಜಮಾನಿ ನಮ್ಮವ್ವ. ಒಂದು ದಿನ ಬಾಗಿಲಲ್ಲಿ ನಿಂತು, “ಹುಳ ಇದ್ದಾಗ ಗೂಡಾದ್ರೂ ಕಟ್ತಿದ್ದೊ. ನೀನೇನ್ಲಾ ಕಟ್ಟೀಯ ಇಲ್ಲಿ? ಯುಗಾದಿಗೆ ಖಾಲಿ ಮಾಡು, ರಾಗಿ ಮೂಟೆ ಹಾಕ್ಬೇಕು” ಅಂದಳು.

ನಾನು ಕಾಲು ಹಿಡಿದೆ. ಅವ್ವ ಒಂದು ಷರತ್ತು ಹಾಕಿದಳು; ರೆಕಾರ್ಡಿಗೆ ಅವಳ ಬಾಯಲ್ಲಿ ‘ಪ್ಲೇಟು’. “ನೀವ್ ನಾಕು ಜನ ಹುಚ್ಚರನ್ನ ಬುಟ್ಟು, ಐದನೇರು ಯಾರಾದ್ರೂ ಒಂದು ಪ್ಲೇಟು ಎದ್ದೋಗ್ದಂಗೆ ಪೂರ್ತಿ ಕೇಳ್ಲಿ. ಆಗ ರೂಮು ನಿಂದು. ಇಲ್ದಿದ್ರೆ ರಾಗೀದು.”

ಯುಗಾದಿಗೆ ಎರಡು ತಿಂಗಳಿತ್ತು. ಎರಡು ತಿಂಗಳಲ್ಲಿ ನಾಲ್ಕು ತಾಲ್ಲೂಕಿನಿಂದ ಒಬ್ಬ ಮನುಷ್ಯ ಸಿಗುವುದಿಲ್ಲವೇ ಎಂದು ನಾನು ಮೀಸೆ ತಿರುವಿದೆ.

ಬೇರಿಂಗ್ ಹೋಗೈತೆ

ಮೊದಲು ಸಿಕ್ಕವರು ಬೈರಾಪಟ್ಟಣದ ಒಬ್ಬ ರೈತರು. ಮೋಟಾರಿಗೆ ವೈಂಡಿಂಗ್ ಆಗಿತ್ತು, ವಾರ್ನಿಷ್ ಒಣಗುವವರೆಗೆ ಅವರು ನನ್ನ ಅಂಗಡಿಯಲ್ಲಿ ಕಾಯಲೇಬೇಕಿತ್ತು. ನಾನು ಚಹಾ ತರಿಸಿ, ಸ್ಟೂಲು ಒರೆಸಿ, ಅಂಗಡಿಯ ಚಿಕ್ಕ ಸ್ಪೀಕರಿನಲ್ಲಿ ಮೂವರೇ ನುಡಿಸುವ ಒಂದು ಮೆತ್ತನೆಯ ಆಲ್ಬಮ್ ಹಾಕಿದೆ. ಪಿಯಾನೊ, ಡ್ರಮ್, ಆಳೆತ್ತರದ ತಂತಿವಾದ್ಯ ಬಾಸ್. ಯಜಮಾನರು ಕಣ್ಣು ಮುಚ್ಚಿ ತಲೆದೂಗಿದರು. ಬಂತು ಗೆಲುವು ಎಂದು ಮೇಜಿನ ಕೆಳಗೇ ಗುಂಪಿಗೆ ಮೆಸೇಜು ಹಾಕಿದೆ.

ಅಷ್ಟರಲ್ಲಿ ಬಾಸಿನವನೊಬ್ಬನೇ ಗುರುಗುಟ್ಟಿಸುವ ಸೋಲೊ ಶುರುವಾಯಿತು. ಯಜಮಾನರು ಕಣ್ಣು ಬಿಟ್ಟರು. ಎದ್ದು ಬಂದು, ಓಡುತ್ತಿರುವ ಮೋಟಾರನ್ನು ಮುಟ್ಟಿ ನೋಡುವ ಹಾಗೆ ಸ್ಪೀಕರಿನ ಮೇಲೆ ಅಂಗೈ ಇಟ್ಟರು.

“ಬೇರಿಂಗ್ ಹೋಗೈತೆ ಕಣಣ್ಣ.”

“ಇಲ್ಲ ಯಜಮಾನ್ರೆ, ಅದು ಹಂಗೇ ಬಾರಿಸೋದು.”

“ಹಂಗೇ ಅಂತ ಬುಟ್ರೆ ಕಾಯಿಲ್ ಸುಟ್ಟೋಯ್ತದೆ. ನಿಂದ್ನೇ ಹಿಂಗ್ ಮಡೀಕಂಡು ನಂದೇನ್ ರಿಪೇರಿ ಮಾಡೀಯ?” ಎಂದವರೇ ಹಸಿ ವಾರ್ನಿಷ್ಷಿನ ಮೋಟಾರನ್ನು ಆಟೋಗೆ ಹಾಕಿಸಿಕೊಂಡು ಹೊರಟೇಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷದಲ್ಲಿ ನನ್ನ ಕೆಲಸಕ್ಕೆ ಯಾರೂ ಹೀಗೆ ಅಂದಿರಲಿಲ್ಲ.

ಮೂರನೆಯ ದಿನ ಅದೇ ಯಜಮಾನರು ವಾಪಸ್ ಬಂದರು. ಮೋಟಾರ್ ಚೆನ್ನಾಗಿ ಓಡುತ್ತಿದೆ ಅಂದರು. ಆಮೇಲೆ ಪಂಚೆಯ ಗಂಟು ಬಿಚ್ಚಿ, ಕಾಗದದಲ್ಲಿ ಸುತ್ತಿದ್ದ ಒಂದು ಬೇರಿಂಗನ್ನು ನನ್ನ ಕೈಗಿಟ್ಟು, “ಮನೇಲಿ ಒಂದು ಹೊಸಾದು ಬಿದ್ದಿತ್ತು. ನಿನ್ ಸ್ಪೀಕರ್‌ಗೆ ಹಾಕ್ಕೊ, ಪಾಪ” ಅಂದರು.

ಬೇಕಂತಲೇ ತಪ್ಪು

ಎರಡನೆಯ ಪ್ರಯತ್ನ ಭಾಯಿಯದು. ಆವತ್ತು ಅವರು ಕೇಳುತ್ತಿದ್ದ ಆಲ್ಬಮ್ಮಿನಲ್ಲಿ ಡ್ರಮ್ಮಿನವನು ಒಮ್ಮೆ ಐದು ಪೆಟ್ಟಿನ ತಾಳಕ್ಕೆ, ಒಮ್ಮೆ ಏಳಕ್ಕೆ ಹೊಡೆಯುತ್ತಾನೆ. ಭಾಯಿ ಅದನ್ನು ಹಾಕಿಕೊಂಡು ಲೇತಿನ ಮುಂದೆ ಕೂತು ಬುಗುರಿಗಳಿಗೆ ಅರಗಿನ ಬಣ್ಣ ಹಿಡಿಯುತ್ತಿದ್ದರು. ಕೈ ಡ್ರಮ್ಮಿನ ಹಿಂದೆ ಹೋಗಿಬಿಟ್ಟಿತು. ಸಂಜೆ ನೋಡಿದರೆ ಒಂದು ಬುಗುರಿಗೆ ಐದು ಪಟ್ಟೆ, ಇನ್ನೊಂದಕ್ಕೆ ಏಳು, ಮತ್ತೊಂದಕ್ಕೆ ಪಟ್ಟೆಯೇ ಇಲ್ಲ.

ಮಾರನೆಯ ದಿನ ಅಂಗಡಿಯವರೊಬ್ಬರು ಮಾಲು ಒಯ್ಯಲು ಬಂದರು. ಬೈಗುಳ ಖಂಡಿತ, ಅದರ ಜೊತೆಗೆ ಆಲ್ಬಮ್ಮನ್ನೂ ಕೇಳಿಸಿಬಿಡೋಣ ಎಂದು ಭಾಯಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ಸ್ಪೀಕರ್ ಹಾಕಿದರು. ಅವರು ಸಂಗೀತದ ಕಡೆ ಗಮನವನ್ನೇ ಕೊಡಲಿಲ್ಲ. ಬುಗುರಿಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಎರಡನೆಯ ಟ್ಯೂನಿಗೇ ಎದ್ದು, “ಇಂಥವೇ ಇನ್ನೂ ಇನ್ನೂರು ಬೇಕು. ಒಂದರ ಥರ ಇನ್ನೊಂದು ಇರಬಾರದು” ಎಂದು ಹೇಳಿ ಹೋದರು.

ಗುಂಪಿನಲ್ಲಿ ನಮ್ಮೆಲ್ಲರದೂ ಚಪ್ಪಾಳೆಯ ಮೇಲೆ ಚಪ್ಪಾಳೆ. ವಾರ ಕಳೆದು ಭಾಯಿಯ ಫೋನು ಬಂತು, ದನಿ ಬಿದ್ದುಹೋಗಿತ್ತು.

“ಮುಸೀಬತ್ ಆಗೋಯ್ತು ಭಯ್ಯಾ. ತಿಳೀದೆ ತಪ್ಪು ಮಾಡೋದು ಸುಲಭ ಇತ್ತು. ಈಗ ಬೇಕಂತಲೇ ಮಾಡ್ಬೇಕು. ಕೈ ಕೇಳ್ತಾನೇ ಇಲ್ಲ, ಎಲ್ಲಾ ಸರಿಯಾಗೇ ಬತ್ತಾ ಐತೆ!”

ಇದನ್ನು ಮೇಷ್ಟ್ರಿಗೆ ಹೇಳಿದೆ. ಅವರು ಸ್ವಲ್ಪವೂ ನಗದೆ, “ಅದುನ್ನ ಕಲಿಯಾಕೆ ಅಂತ್ಲೇ ಅಲ್ವಾ ಜಾಝ್‌ನೋರೆಲ್ಲ ಇಪ್ಪತ್ತು ವರ್ಷ ಸಾಧಕ ಮಾಡಿರಾದು” ಅಂದರು.

ಸರ್ಕಲ್ ಸುತ್ತಿದ ಕಾರು

ಮೇಡಂ ಲೆಕ್ಕದವರು, ಲೆಕ್ಕ ಹಾಕಿಯೇ ಇಳಿದರು. “ಕೂತವರು ಎದ್ದು ಹೋಗ್ತಾರೆ ಅನ್ನೋದೇ ಸಮಸ್ಯೆ. ಏಳೋಕೇ ಆಗದ ಜಾಗದಲ್ಲಿ ಕೂರಿಸಿದರೆ?” ಅವರ ಯಜಮಾನರು ಕಾರು ಓಡಿಸುತ್ತಾರೆ. ಮಾತು ಕಮ್ಮಿ, ತಾಳ್ಮೆ ಜಾಸ್ತಿ. ಒಂದು ಭಾನುವಾರ ಬೆಳಗ್ಗೆ ಕನಕಪುರ ದಾಟುತ್ತಲೇ ಮೇಡಂ ಆಲ್ಬಮ್ ಹಾಕಿದರು. ರಾಮನಗರ ಮುಟ್ಟುವ ಹೊತ್ತಿಗೆ ಮುಗಿಯಬೇಕು.

ರಸ್ತೆ ಖಾಲಿ ಇತ್ತು. ಯಜಮಾನರು ಯಾಕೋ ಆವತ್ತು ಬಹಳ ಜೋರಾಗಿ ಓಡಿಸಿದರು. ರಾಮನಗರದ ಐಜೂರು ಸರ್ಕಲ್ಲಿಗೆ ಬಂದಾಗ ಇನ್ನೂ ಒಂದು ಟ್ಯೂನ್ ಬಾಕಿ. “ಮುಗಿಯೋವರೆಗೆ ಸುತ್ತು ಹಾಕಿ” ಅಂದರು ಮೇಡಂ. ಅವರು ಸುತ್ತಿದರು. ಮತ್ತೆ ಸುತ್ತಿದರು. ಕಹಳೆಯವನು ಮೇಲಿನ ಸ್ವರದಲ್ಲಿ ಕೂಗುತ್ತಿದ್ದಾನೆ, ಇವರು ಬೆವರುತ್ತಿದ್ದಾರೆ. ಐದನೆಯ ಸುತ್ತಿನಲ್ಲಿ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಿಡಿದರು.

“ಏನ್ ಸಾರ್, ದಾರಿ ತಪ್ಪಿದ್ರಾ?”

ಯಜಮಾನರು ಗಾಜು ಇಳಿಸಿದರು. ಕಹಳೆ ಹೊರಗೆ ನುಗ್ಗಿತು. ಮೇಡಂ ಪ್ರಕಾರ ಉಳಿದಿದ್ದು ಎರಡೇ ನಿಮಿಷ. ಅಷ್ಟನ್ನು ಸಹಿಸಿದ್ದರೆ ನನ್ನ ರೂಮು ಉಳಿಯುತ್ತಿತ್ತು. ಆದರೆ ಆ ಸಾತ್ವಿಕ ಮನುಷ್ಯರು ಬಾಗಿಲು ತೆಗೆದು ಇಳಿದು, ಎರಡೂ ಕೈ ಮುಂದೆ ಚಾಚಿ, “ಏನಾದ್ರೂ ಒಂದು ಕೇಸ್ ಹಾಕಿ ಸಾರ್, ಸ್ಟೇಷನ್ನಿಗೆ ಕರ್ಕೊಂಡ್ ಹೋಗಿ” ಅಂದರಂತೆ.

ಮೂರು ಗಂಟಿಗೆ ಇಷ್ಟು ಹೊತ್ತೇ

ಯುಗಾದಿಯ ಹಿಂದಿನ ದಿನ ಮಧ್ಯಾಹ್ನ. ರಾಗಿ ಮೂಟೆಗಳು ಹುಳದ ಮನೆಯ ಬಾಗಿಲಿಗೆ ಬಂದು ಕೂತಿದ್ದವು. ಉಳಿದ ಮೂವರೂ ರೆಕಾರ್ಡು ಕಟ್ಟಲು ಸಹಾಯಕ್ಕೆ ಬಂದಿದ್ದರು. ಮೇಷ್ಟ್ರು, “ಹೆಂಗೂ ಹೋಗಾದೇ ಹೋಯ್ತೀವಿ, ಸದ್ದು ಮಾಡ್ಕಂಡ್ ಹೋಗಾನ” ಎಂದು ತಮ್ಮ ಚೀಲದಿಂದ ಒಂದು ಆಲ್ಬಮ್ ತೆಗೆದರು. ಎಂಟು ಜನರದು. ರಾಗವಿಲ್ಲ, ತಾಳವಿಲ್ಲ. ಎಂಟೂ ಜನ ಒಟ್ಟಿಗೆ ಊದಿ, ಬಡಿದು, ಕಿರುಚಿ ಎರಡು ಬದಿಯಲ್ಲೂ ಒಂದೇ ಸಮ ಹೊಡೆದಿದ್ದಾರೆ; ಎರಡನೆಯ ಬದಿಯಲ್ಲಿ ಆ ಗದ್ದಲದ ನಡುವೆಯೇ ಒಬ್ಬೊಬ್ಬನ ಸೋಲೊ. ನಾವು ನಾಲ್ವರೂ ಅದನ್ನು ಪೂರ್ತಿ ಕೇಳಿದ್ದು ಒಂದೇ ಸಲ, ಅದೂ ಮಾನಕ್ಕೆ ಅಂಜಿ.

ಅದೇ ಹೊತ್ತಿಗೆ ಅವ್ವ, ಎಷ್ಟು ಮೂಟೆ ಹಿಡಿಯುತ್ತದೆಂದು ನೋಡಲು ಒಳಗೆ ಬಂದಳು. ಕೈಯಲ್ಲಿ ಹಬ್ಬದ ಅಕ್ಕಿ ಆರಿಸುತ್ತಿದ್ದ ಮೊರ. ಗೋಡೆಗೊರಗಿ ಕೂತಳು. ಮೇಷ್ಟ್ರು ಮುಳ್ಳು ಇಳಿಸಿದರು.

ಮನೆ ಹೆಂಚು ಅದುರಿತು. ಅವ್ವ ಬೆಚ್ಚಿ ಬಿದ್ದಳು, ಒಂದು ಕ್ಷಣ ಕಿವಿಗೊಟ್ಟಳು, ಆಮೇಲೆ ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಮೊರದಿಂದ ಹಿಡಿ ಅಕ್ಕಿ ತೆಗೆದು ನೇರ ಸ್ಪೀಕರಿಗೆ ಎಸೆದಳು!

ನಮ್ಮ ಕಡೆ ತಾಳಿ ಕಟ್ಟುವ ಹೊತ್ತಿಗೆ ಬ್ಯಾಂಡಿನವರು ಕೈಗೆ ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಬಾರಿಸುತ್ತಾರಲ್ಲ, ಅಪಶಕುನದ ಸದ್ದು ಯಾವುದೂ ಕೇಳಬಾರದೆಂದು, ಆ ಗಟ್ಟಿಮೇಳದ ವಿಷಯದಲ್ಲಿ ಅವ್ವ ಬಲು ಕಟ್ಟುನಿಟ್ಟು. ಟಿವಿ ಧಾರಾವಾಹಿಯಲ್ಲಿ ಗಟ್ಟಿಮೇಳ ಬಂದರೂ ಮನೆಯಲ್ಲಿ ಯಾರೂ ಸೀನುವಂತಿಲ್ಲ. ನಾನು ಗಾಬರಿಯಲ್ಲಿ ಸದ್ದು ತಗ್ಗಿಸಲು ಎದ್ದೆ.

“ಕೂತ್ಕಳ್ಲಾ! ಗಟ್ಟಿಮೇಳದಾಗೆ ಎದ್ದಾರಾ ಯಾರಾದ್ರೂವೆ?”

ಕೂತೆ. ಐದು ನಿಮಿಷ, ಹತ್ತು ನಿಮಿಷ. ಅವ್ವ ಅಕ್ಕಿ ಎಸೆಯುತ್ತಲೇ ಇದ್ದಳು. ಕೊನೆಗೆ ಮೇಷ್ಟ್ರ ಕಡೆ ತಿರುಗಿ, “ಮೂರು ಗಂಟು ಹಾಕಾಕೆ ಇಷ್ಟೊತ್ತೇನಪ್ಪಾ?” ಎಂದು ಕೂಗಿದಳು.

ಮೇಷ್ಟ್ರು ನೂರಾರು ಮದುವೆ ನೋಡಿದವರು. “ಸಾಮೂಹಿಕ ವಿವಾಹ ಕಣವ್ವಾ!”

“ಎಷ್ಟು ಜೋಡಿ?”

ಮೇಡಂ ರೆಕಾರ್ಡಿನ ರಟ್ಟಿನ ಮೇಲಿದ್ದ ವಾದಕರ ಫೋಟೊ ಎಣಿಸಿ, “ಎಂಟು!” ಅಂದರು.

ಒಂದು ಬದಿ ಮುಗಿದು ರೆಕಾರ್ಡು ನಿಂತಿತು. ಅವ್ವ, “ಅಯ್ಯೋ, ಅರ್ಧ ತಾಳೀಲಿ ನಿಲ್ಸಾರಾ? ಹಾಕ್ರೋ!” ಎಂದು ಗದರಿದಳು. ಭಾಯಿ ತಕ್ಷಣ ಮಗುಚಿ ಹಾಕಿದರು. ಆಮೇಲೆ ಒಬ್ಬೊಬ್ಬನ ಸರದಿಗೂ ಅವ್ವ ಒಂದೊಂದು ಬೆರಳು ಮಡಚಿ ಜೋಡಿ ಎಣಿಸಿದಳು. ನಾನು ಮುಳ್ಳನ್ನೇ ನೋಡುತ್ತಿದ್ದೆ. ಕೊನೆಯ ತಮಟೆ, ಕೊನೆಯ ಕಹಳೆ, ಮೊರದ ಕೊನೆಯ ಹಿಡಿ. ಮುಗಿಯಿತು.

“ಅವ್ವಾ,” ಅಂದೆ, ಕಣ್ಣಲ್ಲಿ ನೀರು, “ಪೂರ್ತಿ ಕೇಳ್ದೆ. ಏಳ್ನಿಲ್ಲ ನೀನು. ಐದನೇವ್ಳು ನೀನೇ!”

ಭಾಯಿ ನನ್ನನ್ನು ಎತ್ತಿಕೊಂಡರು, ಮೇಡಂ ಶಿಳ್ಳೆ ಹಾಕಿದರು. ಅವ್ವ ನಮ್ಮನ್ನೆಲ್ಲ ಒಮ್ಮೆ ನೋಡಿದಳು. ಮೊರ ಕೊಡವಿ, ನಿಧಾನವಾಗಿ ಎದ್ದಳು.

“ಪ್ಲೇಟು ಅಂತ ನಂಗೇನ್ ಗೊತ್ತಿಲ್ವಾ? ಪ್ಲೇಟಾದ್ರೂ ಗಟ್ಟಿಮೇಳ ಗಟ್ಟಿಮೇಳವೇಯ. ಮೂರನೇ ಗಂಡು ಮಾತ್ರ ಕೈಲಾಗ್ದೋನು, ಗಂಟು ಹಾಕಾಕೆ ಬಲು ಒದ್ದಾಡ್ದ.”

ಮೂರನೆಯವನ ಸೋಲೊ ಸಪ್ಪೆ ಎಂದು ನಮ್ಮ ನಾಲ್ವರಿಗೂ ಗೊತ್ತಿತ್ತು. ಇಷ್ಟು ದಿನ ಹೇಳುವ ಧೈರ್ಯ ಒಬ್ಬರಿಗೂ ಇರಲಿಲ್ಲ.

“ಮಾತು ಅಂದ್ರೆ ಮಾತು. ರೂಮ್ ನೀನೇ ಮಡೀಕ,” ಅಂದ ಅವ್ವ ಹೊಸಿಲು ದಾಟುತ್ತಾ ತಿರುಗಿ ನಿಂತಳು. “ಆದ್ರೂ ಎಂಟು ಮದ್ವೆ ಮಾಡ್ಸಿ, ಬಂದೋರ್ಗೆ ಒಂದು ಲೋಟ ಪಾನಕಾನೂ ಕೊಡ್ನಿಲ್ವಲ್ಲಾ, ಎಂಥ ಬೀಗರ್ಲಾ ನೀವು!”